ತೊಂಬತ್ತನಾಲ್ಕರ ಝೇಂಕಾರ

ಈಗ ಬರಬೇಕು, ತೊಂಬತ್ತೊಂದು, ತೊಂಬತ್ತೆರಡು, ಎಡಕ್ಕೆ ಹೂಬಿಟ್ಟ ಕನೋಲಾ ಹೊಲದ ಹಳದಿ ಕಣ್ಣಿಗೆ ಹೊಡೆಯುತ್ತಿದೆ, ತೊಂಬತ್ತಮೂರು — ಬಂತು, ವೇಗದ ಮುಳ್ಳು ತೊಂಬತ್ತನಾಲ್ಕಕ್ಕೆ ತಾಗಿದ್ದೇ ತಡ ಬಂದು ಕೂತಿತು, ಪಾದದ ಕೆಳಗಿನಿಂದಲೋ ಬೆನ್ನ ಹಿಂದಿನಿಂದಲೋ, ಮುಚ್ಚಿದ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಒಂದು ಝೇಂಕಾರ, ಕೊರಲಿ ತಲೆಯನ್ನು ತುಸು ಓರೆ ಮಾಡಿದಳು, ನಲವತ್ತೊಂದು ವರ್ಷಗಳಿಂದ ಪಿಯಾನೋಗಳ ತೆರೆದ ಹೊಟ್ಟೆಯ ಮುಂದೆ ನಿಂತು ಮಾಡುತ್ತ ಬಂದ ಹಾಗೆ, ಒಂದು ಸ್ವರವಲ್ಲ ಇದು, ಎರಡು, ಒಂದಕ್ಕೊಂದು ಅಂಟಿಕೊಂಡ ಎರಡು, ಮೇಲಿನದು ಕೆಳಗಿನದಕ್ಕಿಂತ ಕೂದಲೆಳೆಯಷ್ಟೇ ಎತ್ತರ, ಅಷ್ಟಕ್ಕೇ ಇಡೀ ಸದ್ದು ಹುಳಿ, ಕಾಯಿಸಿದ ಹಾಲು ಒಡೆದ ಹಾಗೆ, ಯಾವ ಶಾಲೆಯ ಪಿಯಾನೋದಲ್ಲಾದರೂ ಹೀಗಿದ್ದರೆ ಅರ್ಧ ನಿಮಿಷದಲ್ಲಿ ತಂತಿ ಬಿಗಿದು ಸರಿ ಮಾಡುತ್ತಿದ್ದಳು, ಇಲ್ಲಿ ಬಿಗಿಯುವುದಕ್ಕೆ ತಂತಿ ಎಲ್ಲಿ ಹುಡುಕಲಿ, ಹದಿಮೂರು ದಿನದ ಹೊಸ ಕಾರು, ಒಳಗೆಲ್ಲ ಇನ್ನೂ ಅಂಗಡಿಯ ವಾಸನೆ, ಮತ್ತು ಇವತ್ತು ಶುಕ್ರವಾರ, ಕಾರು ವಾಪಸ್ ಕೊಡಲು ಕೊನೆಯ ದಿನ, ನಾಲ್ಕು ಗಂಟೆಯೊಳಗೆ ಹಾರ್ಷಮ್‌ಗೆ ಬನ್ನಿ ಕೊರಲಿ, ಬೇಡ ಅನ್ನಿಸಿದ್ರೆ ಬೇಡ, ಒಂದು ಸಹಿ ಹಾಕಿ ಕೀಲಿ ಕೊಟ್ಟು ಹೋಗಿ, ನಾವು ಒಂದ್ ಮಾತೂ ಕೇಳಲ್ಲ ಅಂತ ಫೋನಿನಲ್ಲಿ ಕಾರಂಗಡಿಯ ಮ್ಯಾನೇಜರ್ ಡೇಮಿಯನ್, ಅವನ ದನಿಯಲ್ಲಿ ಒಂದು ದಣಿವು, ಪಾಪ, ಇಷ್ಟು ದಿನದಲ್ಲಿ ಆರು ಸಲ ಫೋನ್ ಮಾಡಿದ್ದಾಳೆ, ಏಳು ಸಲವೋ, ವಾರಕ್ನಬೀಲ್‌ನಿಂದ ಹಾರ್ಷಮ್‌ಗೆ ಮುಕ್ಕಾಲು ಗಂಟೆಯ ದಾರಿ, ಸಹಿ ಹಾಕಬೇಕೋ ಬೇಡವೋ ಎಂದು ಯೋಚಿಸಲು ಅಷ್ಟು ಸಾಕು ಅಂದುಕೊಂಡು ಹೊರಟಿದ್ದಳು, ಈಗ ಅರ್ಧ ದಾರಿ ಸವೆದಿದೆ, ಯೋಚಿಸಿದ್ದು ಒಂದೂ ಇಲ್ಲ, ಮುಳ್ಳನ್ನು ತೊಂಬತ್ತನಾಲ್ಕಕ್ಕೆ ಏರಿಸುವುದು, ಇಳಿಸುವುದು, ಮತ್ತೆ ಏರಿಸುವುದು, ಇದೇ ಆಟವಾಗಿದೆ.

ಬೇರೆ ಕೊರತೆಗಳೂ ಇದ್ದವು, ಇಲ್ಲವೆಂದಲ್ಲ, ತಿಳಿ ನೀಲಿ ಕೇಳಿದ್ದಕ್ಕೆ ಬೂದಿ ಬಣ್ಣ ಬಂತು, ಬಿಸಿಲಲ್ಲಿ ನೀಲೀನೇ ಕಾಣುತ್ತೆ ನೋಡಿ ಅಂದರು, ಹಿಂದೆ ಹೆಚ್ಚುವರಿ ಚಕ್ರ ಇರಬೇಕಾದ ಜಾಗದಲ್ಲಿ ಒಂದು ಡಬ್ಬಿ ನೊರೆ, ಪಂಕ್ಚರ್ ಆದರೆ ಇದನ್ನೇ ಒಳಗೆ ಊದಬೇಕಂತೆ, ಹೋಪ್‌ಟೌನ್ ಆಚೆ, ಫೋನಿಗೆ ಸಿಗ್ನಲ್ ಕೂಡ ಸಿಗದ ಕಡೆ ನೊರೆ ಹಿಡಿದುಕೊಂಡು ಯಾರ ಮುಖ ನೋಡುವುದು, ಆದರೆ ಅದನ್ನೆಲ್ಲ ಅವಳು ನುಂಗಿಕೊಂಡಿದ್ದಳು, ಏಕೆಂದರೆ ಅವಳು ಏಳು ತಿಂಗಳು ಕಾದು ಕೊಂಡದ್ದು ಬಣ್ಣವನ್ನೂ ಅಲ್ಲ ಚಕ್ರವನ್ನೂ ಅಲ್ಲ, ಮೌನವನ್ನು, ಕಿಟಕಿ ಏರಿಸಿದರೆ ಗ್ರಂಥಾಲಯದಲ್ಲಿ ಕೂತ ಹಾಗಿರುತ್ತೆ ಅಂತ ಡೇಮಿಯನ್ ಹೇಳಿದ ಮಾತಿಗೇ ಅವಳು ಸೋತದ್ದು, ದಿನಕ್ಕೆ ಮೂರು ಪಿಯಾನೋ ಶ್ರುತಿ ಮಾಡಿ ಬಂದವಳ ತಲೆಗೆ ಬೇಕಾದದ್ದು ಅದೊಂದೇ, ಹಳೆಯ ವ್ಯಾನು ಇಪ್ಪತ್ತಮೂರು ವರ್ಷ ಗಡಗಡ ಕಿರಕಿರ ಅಂದುಕೊಂಡೇ ಓಡಿತು, ಬಾಗಿಲೊಂದು ರಾಗ, ಸ್ಪ್ಯಾನರ್ ಡಬ್ಬಿಯೊಂದು ತಾಳ, ಅದರೊಳಗೆ ಯಾವ ಸದ್ದೂ ಒಂಟಿಯಾಗಿ ಕೇಳುತ್ತಿರಲಿಲ್ಲ, ಸಂತೆಯಲ್ಲಿ ಯಾರ ಪಿಸುಮಾತು ಯಾರಿಗೆ, ಈ ಕಾರು ಹಾಗಲ್ಲ, ಇದು ಎಲ್ಲವನ್ನೂ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಿತು, ಆಮೇಲೆ ಒಳಗೆ ಉಳಿದದ್ದು ಇದೊಂದು, ಬರೀ ಅವಳಿಗೆ ಕೇಳುವುದು, ಅದೇ ವಿಚಿತ್ರ, ಬರೀ ಅವಳಿಗೆ, ತಂಗಿಯ ಗಂಡ ನೆವಿಲ್ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಬ್ರಿಮ್ ಊರಿನವರೆಗೂ ಪಕ್ಕದಲ್ಲಿ ಕೂತು ಬಂದ, ನನಗೇನೂ ಕೇಳ್ತಿಲ್ಲ ಕಣೇ, ನಲವತ್ತು ವರ್ಷ ಟ್ರ್ಯಾಕ್ಟರ್ ಮೇಲೆ ಕೂತ ಕಿವಿ ಇದು, ಹೆಂಡ್ತಿ ಕೂಗಿದ್ದೇ ಕೇಳಲ್ಲ, ಇನ್ನು ನಿನ್ನ ದುಂಬಿ ಎಲ್ಲಿ ಕೇಳುತ್ತೆ, ಹಿಂದಿನ ಸೀಟಿನಿಂದ ತಂಗಿ ಜಾನಿಸ್, ಕೇಳದೆ ಏನು, ಚೆನ್ನಾಗೇ ಕೇಳುತ್ತೆ, ಕೇಳಿಸ್ಕೊಳ್ಳೋಕೆ ಮನಸ್ಸಿಲ್ಲ ಅಷ್ಟೆ, ನೀನು ಇವನ ಮಾತು ಬಿಡು ಕೊರಲಿ, ವಾಪಸ್ ಕೊಟ್ಟು ಕೈ ತೊಳ್ಕೋ — ಜಾನಿಸ್, ನಿನಗೆ ಕೇಳ್ತಿದೆಯಾ ಹೇಳು — ನನಗೆ ಇಲ್ಲಪ್ಪ, ಆದ್ರೆ ನಿನಗೆ ಕೇಳುತ್ತಲ್ಲ, ನಿನ್ನ ಕಿವಿಗೆ ಕೇಳಿದ್ದು ಸುಳ್ಳಾಗುತ್ತಾ. ಈ ಸೀಮೆಯಲ್ಲಿ ಎಲ್ಲರ ಮಾತೂ ಅದೇ, ಕೊರಲಿಯ ಕಿವಿಗೆ ಕೇಳಿದ್ದು ಸುಳ್ಳಾಗುವುದಿಲ್ಲ, ಚರ್ಚುಗಳಲ್ಲಿ, ಶಾಲೆಗಳಲ್ಲಿ, ಅಜ್ಜಿಯಿಂದ ಬಂದ ಪಿಯಾನೋ ಮೇಲೆ ಹೂದಾನಿ ಇಟ್ಟ ಮನೆಗಳಲ್ಲಿ, ಹಾರ್ಷಮ್‌ನ ಮೆಕ್ಯಾನಿಕ್ ರೋಮೆಲ್ ಕೂಡ ಅದನ್ನೇ ಅಂದ, ಫಿಲಿಪೀನ್ಸ್‌ನವನು, ನಾಲ್ಕು ವರ್ಷವಾಯಿತಂತೆ ಇಲ್ಲಿಗೆ ಬಂದು, ಮೂರು ಸಲ ಕಾರು ತಂದಾಗಲೂ ಮುಖ ಸಿಂಡರಿಸದೆ ಕೆಳಗೆ ತೂರಿದ, ಇನ್ನೊಂದು ಕಾರಿನ ನಾಲ್ಕೂ ಚಕ್ರ ಬಿಚ್ಚಿ ಇದಕ್ಕೆ ಹಾಕಿ ನೋಡಿದ, ಸೀಟಿನಡಿ ಉಣ್ಣೆಬಟ್ಟೆ ತುರುಕಿ ನೋಡಿದ, ಮೇಡಂ, ನನಗೆ ಒಂದು ಸದ್ದು ಕೇಳುತ್ತೆ, ಟೈರಿನ ಸದ್ದು, ಅದು ಎಲ್ಲಾ ಕಾರಲ್ಲೂ ಇರುತ್ತೆ, ನೀವು ಹೇಳೋ ಎರಡನೇದು ಮಾತ್ರ ಕೇಳ್ತಿಲ್ಲ, ಆದ್ರೆ ನಿಮಗೆ ಕೇಳುತ್ತೆ ಅಂದ್ಮೇಲೆ ಇದ್ದೇ ಇರುತ್ತೆ, ಹುಡುಕ್ತೀನಿ.

ಎರಡನೆಯದು — ಹೌದು, ಒಂದು ಕಿವಿ ಮುಚ್ಚಿದರೆ ಹೇಗಿರುತ್ತದೆ, ಯಾಕೆ ಇಷ್ಟು ದಿನ ಹೊಳೆಯಲಿಲ್ಲ, ಸದ್ದು ಬರುವ ದಿಕ್ಕಾದರೂ ತಿಳಿದೀತು, ಎಡಗೈ ಸ್ಟೀರಿಂಗ್ ಮೇಲಿಟ್ಟು ಬಲಗೈ ತೋರುಬೆರಳನ್ನು ಬಲಗಿವಿಗೆ ಒತ್ತಿದಳು, ದಾರಿ ಬಿಟ್ಟು ಸರೀತಿದ್ದೀಯ ಎಂದು ಕಾರು ಟಿಣ್ ಟಿಣ್ ಬೈಯಿತು, ಸುಮ್ಮನಿರೋ ಅಂದಳು ಅದಕ್ಕೆ, ಮುಳ್ಳು ತೊಂಬತ್ತನಾಲ್ಕರಲ್ಲೇ ಇದೆ, ಆದರೆ ಹುಳಿ ಇಲ್ಲ. ಹುಳಿ ಹೋಗಿದೆ. ಒಂದೇ ಸ್ವರ, ಒರಟು, ಆದರೆ ಶುದ್ಧ, ದೊಡ್ಡ ಪಿಯಾನೋದ ಎಡತುದಿಯ ದಪ್ಪ ತಂತಿಯ ಹಾಗೆ, ಬೆರಳು ತೆಗೆದಳು, ಹುಳಿ ಬಂತು, ಒತ್ತಿದಳು, ಹೋಯಿತು, ಎದೆಯೊಳಗೆ ಏನೋ ಪುಟಿಯಿತು, ಖುಷಿಯೇ ಅದು, ನಾಚಿಕೆಗೇಡಿನ ಖುಷಿ, ಎಂಟು ವರ್ಷದವಳಿದ್ದಾಗ ಅಮ್ಮನ ಹೊಲಿಗೆ ಯಂತ್ರ ಬಿಚ್ಚಿ ನೂಲು ಎಲ್ಲಿ ಕೊಂಡಿ ಹಾಕಿಕೊಳ್ಳುತ್ತದೆ ಎಂದು ಕಂಡುಹಿಡಿದಾಗ ಆದಂಥದ್ದು, ಈಗ ಕೈ ಬದಲಿಸಿ ಎಡಗಿವಿ, ಇಲ್ಲೂ ಒಂದೇ ಸ್ವರ, ಇದೂ ಶುದ್ಧ — ಆದರೆ ಅದಲ್ಲ, ಕೂದಲೆಳೆಯಷ್ಟು ಮೇಲೆ. ಒಂದೊಂದೇ ಕೇಳಿದರೆ ಎರಡೂ ಸಾಧು, ಜೊತೆಗೆ ಕೂತರೆ ಜಗಳ, ಅಂದರೆ ಕಾರು ಹೇಳುತ್ತಿರುವುದು ಒಂದೇ ಮಾತು, ಅದನ್ನು ಎಡಗಿವಿ ಒಂದು ಥರ, ಬಲಗಿವಿ ಇನ್ನೊಂದು ಥರ ಒಳಗೆ ಒಪ್ಪಿಸುತ್ತಿವೆ, ಅಂದರೆ — ಎದುರಿನಿಂದ ಧಾನ್ಯದ ಲಾರಿ ಬಂತು, ಗಾಳಿಗೆ ಕಾರು ಅಲುಗಿತು, ರಸ್ತೆಯಂಚಿನಲ್ಲಿ ಚೆಲ್ಲಿದ ಗೋಧಿ ಹೆಕ್ಕುತ್ತಿದ್ದ ಗಲಾ ಗಿಳಿಗಳು ಗುಲಾಬಿ ಹೊಟ್ಟೆ ತೋರಿಸಿ ಎದ್ದು ಮತ್ತೆ ಕೂತವು, ಅಂದರೆ ರೈನ್‌ಬೋ ಊರಿನ ಪೋಲ್ನರ್ ಅಮ್ಮ ಹೇಳಿದ್ದು, ಲೂಥರನ್ ಚರ್ಚಿನಲ್ಲಿ ಪಿಯಾನೋ ನುಡಿಸುವವರು, ಬೇಜಾರು ಮಾಡ್ಕೋಬೇಡ ಕೊರಲಿ, ಈ ಸಲ ಪಿಯಾನೋದ ಮೇಲಿನ ಸ್ವರಗಳು ಯಾಕೋ ಸ್ವಲ್ಪ ಕೀರಲು ಅನ್ನಿಸ್ತವೆ, ಹವಾ ಒಣಗಿದೆ ನೋಡಿ, ಮರ ಎಳ್ಕೊಳ್ಳುತ್ತೆ ಅಂತ ತಾನು ಅಂದದ್ದು, ಅವರು ಒಪ್ಪಿಕೊಂಡು ಸ್ಕೋನ್ ತಿನ್ನಲು ಕೊಟ್ಟದ್ದು, ಮತ್ತೆ ಇತ್ತೀಚೆಗೆ ತಂತಿಗೆ ಎಡಗೆನ್ನೆಯನ್ನೇ ಕೊಟ್ಟು ನಿಲ್ಲುತ್ತಿರುವುದು, ಅದು ಯಾವಾಗಿನಿಂದ, ಕುತ್ತಿಗೆ ನೋವು ಅಂದುಕೊಂಡಿದ್ದಳಲ್ಲ, ಮತ್ತೆ ಓಟೋ, ಅಯ್ಯೋ ಓಟೋ, ಕೆಲಸ ಕಲಿಸಿದ ಮುದುಕ, ಕೊನೆಯ ಮೂರು ವರ್ಷ ಒಂದು ಕಿವಿಗೆ ಹತ್ತಿ ತುರುಕಿಕೊಂಡೇ ಕೆಲಸ ಮಾಡಿದ, ಯಾಕೆ ಹತ್ತಿ ಅಂದರೆ ಗಾಳಿ ಹುಡುಗಿ, ತಂಡಿಗಾಳಿ ಹೊಡಿಯುತ್ತೆ ಅನ್ನುತ್ತಿದ್ದ, ಇಲ್ಲಿ ಬಿರುಬೇಸಿಗೆಯ ಜನವರಿ ತಿಂಗಳು, ನಲವತ್ತೆರಡು ಡಿಗ್ರಿ, ತಗಡಿನ ಮಾಡಿನ ಸಭಾಭವನದೊಳಗೆ ತಂಡಿಗಾಳಿ, ಅವಳು ಹಿಂದೆ ತಿರುಗಿ ನಕ್ಕಿದ್ದಳು, ಇಪ್ಪತ್ತೆರಡು ವರ್ಷದ ಕಿವಿಗಳಿದ್ದವು ಆಗ. ತಟ್ಟಿದರೆ ಒಂದೇ ಸ್ವರ ಕೊಡುವ ಶ್ರುತಿಕವೆ ಹಿಂದಿನ ಸೀಟಿನ ಚೀಲದಲ್ಲೇ ಇದೆ, ಕಾರು ನಿಲ್ಲಿಸಿ ಮೊಣಕಾಲಿಗೆ ತಟ್ಟಿ ಒಮ್ಮೆ ಬಲಗಿವಿಗೆ, ಒಮ್ಮೆ ಎಡಗಿವಿಗೆ ಹಿಡಿದರೆ ಒಂದು ನಿಮಿಷದ ಕೆಲಸ, ಸಂಶಯಕ್ಕೆ ಜಾಗವೇ ಇರದು, ಕಂಡದ್ದನ್ನೆಲ್ಲ ಬಿಚ್ಚಿ ನೋಡುವವಳು ಅವಳು, ರಸ್ತೆಯ ಪಕ್ಕ ಮಣ್ಣಿನ ಅಗಲ ಜಾಗವೂ ಬಂತು, ನೀಲಗಿರಿ ಮರದ ನೆರಳೂ ಇತ್ತು, ಕಾಲು ಬ್ರೇಕಿನ ಮೇಲೆ ಬರಲಿಲ್ಲ. ಜಾಗ ಹಿಂದೆ ಸರಿಯಿತು. ಆಮೇಲೆ ಇನ್ನೊಂದು ಬಂತು, ಅದೂ ಸರಿಯಿತು. ಸಹಿ ಹಾಕಿ ಕೀಲಿ ಕೊಟ್ಟುಬಿಟ್ಟರೆ ಹುಳಿ ಕಾರಿನದೇ ಆಗಿ ಉಳಿಯುತ್ತದೆ, ಗದ್ದಲದ ಹಳೇ ವ್ಯಾನೊಂದನ್ನು ಹುಡುಕಿಕೊಂಡರೆ ಆಯಿತು, ಎಷ್ಟು ಸುಲಭ, ಯಾರಿಗೂ ಏನೂ ಆಗುವುದಿಲ್ಲ.

ಬನ್ನಿ ಬನ್ನಿ ಅಂತ ಡೇಮಿಯನ್ ಗಾಜಿನ ಬಾಗಿಲು ಹಿಡಿದು ನಿಂತಿದ್ದ, ಕಾಫಿ ತಗೋತೀರಾ, ಬೇಡವಾ, ಸರಿ, ಹಾಗಾದ್ರೆ ಇದನ್ನ ಮುಗಿಸ್ಬಿಡೋಣ, ಮೇಜಿನ ಮೇಲೆ ಒಂದೇ ಹಾಳೆ, ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟ ಪೆನ್ನು, ಅವಳು ಕನ್ನಡಕ ಹಾಕಿಕೊಂಡು ಓದಿದಳು, ವಾಹನ ಹಿಂತಿರುಗಿಸಲು ಕಾರಣ, ಅಲ್ಲಿ ಅವನೇ ತುಂಬಿಸಿದ್ದ, ಒಳಗಿನ ಅಸಹಜ ಸದ್ದು, ಅದರ ಕೆಳಗೆ, ಒಪ್ಪಿಸುವ ಮುನ್ನ ತಪಾಸಣೆ ಮಾಡಿದವರು, ರೋಮೆಲ್ ಆಬ್ರೆಗೋ, ಇದ್ಯಾಕೆ ಇವರ ಹೆಸರು ಇಲ್ಲಿ — ಅಯ್ಯೋ ಅದು ಪದ್ಧತಿ ಅಷ್ಟೆ, ಕಾರು ವಾಪಸ್ ಬಂದ್ರೆ ಯಾರ ಕೈಯಿಂದ ಹೋಗಿತ್ತು ಅಂತ ಮೇಲಿನವ್ರು ಕೇಳ್ತಾರೆ, ನೀವು ತಲೆ ಕೆಡಿಸ್ಕೋಬೇಡಿ, ಅದು ನಮ್ಮೊಳಗಿನ ವಿಷಯ — ಕೇಳಿದ ಮೇಲೆ ಏನಾಗುತ್ತೆ — ಏನಾಗುತ್ತೆ, ಒಂದು ಮಾತು ಬರುತ್ತೆ, ಹೀಗೆ ವಾಪಸ್ ಬಂದಿದ್ದು ಅವನಿಗೆ ಇದು ಎರಡನೇ ಕಾರು ಬೇರೆ, ನೋಡೋಣ ಬಿಡಿ. ಗಾಜಿನಾಚೆ ಶೆಡ್ಡಿನಲ್ಲಿ ರೋಮೆಲ್ ಕೈ ಒರೆಸಿಕೊಳ್ಳುತ್ತ ಇತ್ತಲೇ ನೋಡುತ್ತಿದ್ದ, ಅವಳು ನೋಡಿದ್ದು ಕಂಡು ಕೈಯೆತ್ತಿದ, ನಕ್ಕ, ಬೇಸರದ ನಗುವಲ್ಲ, ಹುಡುಕಿ ಸಿಗದೆ ಹೋದದ್ದಕ್ಕೆ ತಪ್ಪೊಪ್ಪಿಕೊಳ್ಳುವವನ ನಗು, ಪೆನ್ನು ಅವಳ ಬೆರಳುಗಳ ನಡುವೆ ಇತ್ತು, ಯಾವಾಗ ಎತ್ತಿಕೊಂಡಳೋ, ಯಾರಿಗೂ ಏನೂ ಆಗುವುದಿಲ್ಲ ಅಂದುಕೊಂಡು ಬಂದಿದ್ದಳಲ್ಲ, ಮತ್ತೆ ಅದರ ಜೊತೆಗೇ ಇನ್ನೊಂದು ಕೊರೆಯುತ್ತಿತ್ತು, ಎರಡರಲ್ಲಿ ಯಾವ ಕಿವಿ ನಿಜ, ಎಡದ್ದೇ ನಿಜ ಅಂತ ಹೇಳಿದವರು ಯಾರು, ಎರಡೂ ಸುಳ್ಳಾಡುತ್ತಿರಬಹುದು, ಮೂರನೆಯ ಒಂದು ಕಿವಿ ಬೇಕು ಇದಕ್ಕೆ, ಡೇಮಿಯನ್, ಹತ್ತು ನಿಮಿಷ ಕೊಡಿ, ರೋಮೆಲ್ ಓಡಿಸ್ಲಿ, ನಾನು ಪಕ್ಕದಲ್ಲಿ ಕೂತ್ಕೋತೀನಿ — ಇನ್ನೊಂದ್ ಸಲಾನಾ, ಅವನ ಹುಬ್ಬು ಮೇಲೇರಿ ಇಳಿಯಿತು, ಆಯ್ತಪ್ಪ, ಹೋಗ್ಬನ್ನಿ.

ಡಿಂಬೂಲಾ ರಸ್ತೆ, ಊರು ಮುಗಿದ ಮೇಲೆ ನೇರ, ರೋಮೆಲ್ ಸೀಟಿಗೆ ಪ್ಲಾಸ್ಟಿಕ್ ಹಾಸಿಕೊಂಡು ಕೂತಿದ್ದಾನೆ, ಕೊಳೆ ಆಗಬಾರದೆಂದು, ಹಿಂತಿರುಗಿಸಲಿರುವ ಕಾರಿಗೂ, ಎಷ್ಟಕ್ಕೆ ಓಡಿಸ್ಲಿ ಮೇಡಂ — ನಿಮಗೇ ಗೊತ್ತಲ್ಲ — ಗೊತ್ತು, ತೊಂಬತ್ತನಾಲ್ಕು, ನನ್ನ ಹೆಂಡ್ತಿಗೂ ಬಾಯಿಪಾಠ ಆಗಿದೆ, ರಾತ್ರಿ ಕನಸಲ್ಲಿ ಬಡಬಡಿಸ್ತೀನಂತೆ. ನಿಮಗೆ ಹಾಡೋಕೆ ಬರುತ್ತಾ ರೋಮೆಲ್ — ಅವನು ಗಾಬರಿಯಿಂದ ತಿರುಗಿದ, ಕ್ಯಾರಿಯೋಕಿ ಮಾತ್ರ ಮೇಡಂ, ಶನಿವಾರ, ಪಕ್ಕದ ಮನೆಯವ್ರು ಏನಾದ್ರೂ ಹೇಳಿದ್ರಾ — ಇಲ್ಲಪ್ಪ, ಈಗ ನಿಮಗೆ ಕೇಳೋ ಆ ಟೈರಿನ ಸದ್ದು ಇದೆಯಲ್ಲ, ಅದನ್ನ ಬಾಯಿ ಮುಚ್ಕೊಂಡು ಗಂಟಲಲ್ಲಿ ಹಿಡೀರಿ, ಅದಕ್ಕೆ ಸರಿಯಾಗಿ, ನಾನು ಸಾಕು ಅನ್ನೋವರೆಗೂ ಬಿಡ್ಬೇಡಿ. ಮುಳ್ಳು ಏರಿ ನಿಂತಿತು. ಝೇಂಕಾರ ಬಂತು, ಎರಡಾಗಿ, ಹುಳಿಯಾಗಿ, ರೋಮೆಲ್ ಕಣ್ಣು ರಸ್ತೆಯ ಮೇಲಿಟ್ಟು ಮೊದಲು ಕೆಳಗಿನ ಸ್ವರದಲ್ಲಿ ಹುಡುಕಿದ, ಸ್ವಲ್ಪ ಮೇಲೆ ಬಂದ, ತಡಕಿದ, ಸಿಕ್ಕಿತು, ನಿಂತ, ಅವಳು ಎರಡೂ ಕೈ ಖಾಲಿಯಿದ್ದದ್ದಕ್ಕೆ ಮೊದಲ ಸಲ ನಿಧಾನವಾಗಿ, ಅಳೆದು, ಎಡಗಿವಿಯನ್ನು ಮುಚ್ಚಿದಳು, ಬಲಗಿವಿಗೆ ಕಾರಿನದೂ ರೋಮೆಲನದೂ ಒಟ್ಟಿಗೆ ಬಂದವು, ಎರಡೂ ಹೊಂದಿಕೊಂಡು, ಎರಡೂ ಕೂದಲೆಳೆ ಮೇಲೆ, ಇದರಿಂದ ಏನೂ ತಿಳಿಯದು, ಇದು ಎಲ್ಲವನ್ನೂ ಎತ್ತಿಯೇ ಹೇಳುವ ಕಿವಿಯಾಗಿದ್ದರೆ, ಹಾಗಾದರೆ — ಅವಳು ಬಗ್ಗಿ ಬಲಗೈಯನ್ನು ಅವನ ಕುತ್ತಿಗೆಯ ಹತ್ತಿರ ತಂದಳು, ಮುಟ್ಟಲೇ ಅಂತ ಕಣ್ಣಲ್ಲೇ ಕೇಳಿದಳು, ಅವನು ಹಿಡಿದ ದನಿ ಬಿಡದೆ ಹೂಂ ಎಂಬಂತೆ ತಲೆಯಾಡಿಸಿದ, ಎರಡು ಬೆರಳಿನ ತುದಿ ಅವನ ಗಂಟಲಮಣಿಯ ಮೇಲೆ, ಅಲ್ಲಿ ಚರ್ಮದಡಿ ಅದು ನಡುಗುತ್ತಿತ್ತು, ಸದ್ದಾಗುವುದಕ್ಕೂ ಮೊದಲಿನ ಸದ್ದು, ಕಿವಿಯ ಹಂಗಿಲ್ಲದ್ದು, ಇನ್ನೊಂದು ಕೈಯನ್ನು ಬಾಗಿಲಿನ ಹಲಗೆಯ ಮೇಲೆ ಊರಿದಳು, ಕಾರೂ ನಡುಗುತ್ತಿತ್ತು, ಒಂದು ಕೈಯಲ್ಲಿ ಮನುಷ್ಯ, ಒಂದು ಕೈಯಲ್ಲಿ ಕಾರು, ನಲವತ್ತೊಂದು ವರ್ಷ ತಂತಿಗಳ ಮೇಲೆ ಓಡಿದ ಬೆರಳುಗಳು ಕಾದವು, ಎಲ್ಲಾದರೂ ಜಗಳ ಇದ್ದರೆ, ಒಂದು ಇನ್ನೊಂದನ್ನು ಹಿಂದಿಕ್ಕಿದರೆ ಅಲೆ ಏಳಬೇಕು, ಏರಿ ಇಳಿಯಬೇಕು, ಏಳಲಿಲ್ಲ. ಒಂದೇ. ಕಾರಲ್ಲೇನೂ ಇಲ್ಲ ರೋಮೆಲ್, ಅಂದಳು, ಗಟ್ಟಿಯಾಗಿಯೇ, ಕಾರು ಚೆನ್ನಾಗಿದೆ, ನನ್ನ ಕಿವಿ ಕೆಟ್ಟಿದೆ, ಆ ಹಾಳೆ ಹರೀಲಿಕ್ಕೆ ಹೇಳ್ತೀನಿ ನಿಮ್ಮ ಡೇಮಿಯನ್‌ಗೆ, ಇದನ್ನ ನಾನೇ ಇಟ್ಕೋತೀನಿ, ಅವನು ಒಂದು ಚಣ ಅವಳನ್ನು ನೋಡಿ ಮತ್ತೆ ರಸ್ತೆ ನೋಡಿದ, ಹಿಡಿದ ದನಿ ಬಿಡಲಿಲ್ಲ, ಸಾಕು ಅನ್ನುವವರೆಗೂ ಬಿಡಬೇಡಿ ಅಂದಿದ್ದಳಲ್ಲ, ಉಸಿರು ಮುಗಿದಾಗ ಮೂಗಿನಿಂದ ಎಳೆದುಕೊಂಡು ಮತ್ತೆ ಅಲ್ಲಿಗೇ ಬಂದು ನಿಂತ, ಸೋಮವಾರ ರೈನ್‌ಬೋಗೆ ಹೋಗಬೇಕು, ಪೋಲ್ನರ್ ಅಮ್ಮನಿಗೆ ಹೇಳಬೇಕು, ಮೇಲಿನ ಸ್ವರಗಳ ತಂತಿಗಳನ್ನು ಮತ್ತೆ ಬಿಚ್ಚಬೇಕು, ಕಿವಿ ಡಾಕ್ಟರು ಬಲ್ಲಾರತ್‌ನಲ್ಲಿದ್ದಾರೋ ಮೆಲ್ಬರ್ನಿಗೇ ಹೋಗಬೇಕೋ, ಅವರು ಏನು ತೋರಿಸುತ್ತಾರೋ, ಕಿವಿಯೊಳಗೆ ಅದು ಕಾಣುತ್ತದೆಯೋ, ಎಲ್ಲಿ ಜಾರಿತು, ಯಾವ ತಂತಿ, ಸಾಕು ಅನ್ನಬೇಕು ಈಗ, ಬಾಯಿಯವರೆಗೂ ಬಂತು, ಅನ್ನಲಿಲ್ಲ, ಅವನ ಗಂಟಲಮಣಿಯ ಪಕ್ಕ ಗ್ರೀಸಿನ ಒಂದು ಕಪ್ಪು ಗೆರೆ, ಬೆರಳಿನಡಿ ಆ ಗೆರೆ ನಡುಗುತ್ತಿದೆ, ಗೆರೆ, ಬೆರಳು, ಕಪ್ಪು ಗೆರೆ, ನಡುಗುತ್ತಲೇ ಇದೆ.