ಶೂ ತಳದ ಮರಳು

ಐಸ್ ಅಂಗಳಕ್ಕೆ ಇಳಿಯುವವರು ಯಾರೇ ಆಗಿರಲಿ, ಮೊದಲು ಗೇಟಿನ ಬಳಿ ಸುರಕ್ಷಾಳ ಎದುರು ನಿಂತು, ಒಂದೊಂದೇ ಕಾಲು ಹಿಂದಕ್ಕೆ ಮಡಚಿ ಶೂವಿನ ತಳ ತೋರಿಸಬೇಕಿತ್ತು. ಲೀಗಿನ ಕೆಲಸಗಳಲ್ಲೆಲ್ಲ ಸಣ್ಣ ಕೆಲಸ ಅದು. ರೆಫರಿಗೆ ಸೀಟಿ ಇತ್ತು, ಅಂಕ ಬರೆಯುವವರಿಗೆ ಹೀಟರ್ ಪಕ್ಕದ ಕುರ್ಚಿ ಇತ್ತು. ಸುರಕ್ಷಾಳಿಗೆ ಇದ್ದದ್ದು ತಂತಿ ಹಲ್ಲಿನ ಒಂದು ಬ್ರಶ್ ಮತ್ತು ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲ್.

ಬ್ರೂಮ್‌ಬಾಲ್ ಎಂದರೆ ಏನೆಂದು ಕೊಲ್ಲಿ ದೇಶದ ಮನಾಮಾದ ನಮ್ಮವರಿಗೆ ಮೂರು ವರ್ಷದ ಹಿಂದೆ ಗೊತ್ತಿರಲಿಲ್ಲ. ಕೆಲವರು ಈಗಲೂ ಹಿಡಿಸೂಡಿ ಆಟ ಎಂದೇ ಕರೆಯುತ್ತಾರೆ. ಹಾಕಿಯ ಹಾಗೆಯೇ, ಆದರೆ ಐಸ್ ಮೇಲೆ. ಸ್ಕೇಟ್ ಇಲ್ಲ, ಸ್ಪಂಜಿನಂಥ ತಳದ ಶೂ. ಕೈಯಲ್ಲಿ ಪೊರಕೆಯ ತುದಿಯಂಥ ಹಲಗೆ ಕಟ್ಟಿದ ಕೋಲು. ಒಂದೊಂದು ಕಡೆ ಆರು ಹುಡುಗಿಯರು. ಆ ಸ್ಪಂಜು ತಳಕ್ಕೆ ಮರಳು ಎಂದರೆ ಭಾರಿ ಪ್ರೀತಿ. ಒಳಹೊಕ್ಕ ಒಂದು ಕಾಳು ಐಸನ್ನು ಗೀರಿ ಹಾಕುತ್ತದೆ, ಆ ಗೀರಿಗೆ ಕಾಲು ಸಿಕ್ಕಿದ ಹುಡುಗಿ ಮುಖ ಅಡಿಯಾಗಿ ಬೀಳುತ್ತಾಳೆ. ಬಾಗಿಲು ತೆರೆದರೆ ಮರಳೇ ಇರುವ ಊರಿನಲ್ಲಿ ಆಡುವ ಆಟ ಇದು. ಅದಕ್ಕೇ ನಿಯಮ: ಶೂ ಚೀಲದಲ್ಲಿ ತರಬೇಕು, ಗೇಟಿನ ಒಳಗಿನ ಬೆಂಚಿನಲ್ಲಿ ಕೂತು ಹಾಕಿಕೊಳ್ಳಬೇಕು. ತಳದಲ್ಲಿ ಮರಳು ಕಂಡರೆ ಆ ದಿನದ ಆಟ ಇಲ್ಲ. ಬರೆದದ್ದು ಹಾಗೆ, ಆದರೆ ನಾಲ್ಕು ಕಾಳು ಕಂಡರೆ ಸುರಕ್ಷಾ ಬ್ರಶ್ಶಿನಿಂದ ಉಜ್ಜಿ ಒಳಗೆ ಬಿಡುತ್ತಿದ್ದಳು.

ನಿಯಮ ಬರೆದದ್ದು ವಿನಿತಾ. ಲೀಗ್ ಹುಟ್ಟುಹಾಕಿದವಳೂ ಅವಳೇ. ಗಂಡ ಶೈಲೇಶ್ ದೊಡ್ಡ ಕಾಂಟ್ರಾಕ್ಟ್ ಕಂಪನಿಯಲ್ಲಿ ಮ್ಯಾನೇಜರ್, ಮಗಳು ತೃಪ್ತಿ ಗುಫೂಲ್ ಬಡಾವಣೆಯ ತಂಡದ ನಾಯಕಿ. ಊರಿನಿಂದ ಎಂ.ಕಾಂ. ಮುಗಿಸಿ ಬಂದು, ಅಣ್ಣನ ಫ್ಲಾಟಿನಲ್ಲಿ ಕೆಲಸದ ಅರ್ಜಿಗಳನ್ನು ಕಳಿಸುತ್ತ ಕೂತಿದ್ದ ಸುರಕ್ಷಾಳನ್ನು ಲೀಗಿಗೆ ಎಳೆದು ತಂದವಳೂ ಅವಳೇ. "ಮನೆಯಲ್ಲಿ ಸುಮ್ಮನೆ ಕೂತು ಎಂತ ಮಾಡ್ತಿ ಮಾರಾಯ್ತಿ, ಬಾ, ನಾಲ್ಕು ಜನರ ಮುಖ ನೋಡಿದ ಹಾಗೂ ಆಗ್ತದೆ." ನಾಲ್ಕು ಜನರ ಮುಖ ನೋಡುವುದೆಂದರೆ ಸುರಕ್ಷಾಳಿಗೆ ಜ್ವರ ಬಂದಂತಾಗುತ್ತಿತ್ತು. ಶೂ ತಳ ನೋಡುವ ಕೆಲಸ ಸಿಕ್ಕಾಗ ಅವಳಿಗೆ ಒಳಗೊಳಗೆ ಸಂತೋಷವೇ ಆಗಿತ್ತು.

ಆ ಸಂತೋಷ ಕಳೆದ ವರ್ಷದ ಫೈನಲಿನವರೆಗೆ ಮಾತ್ರ.

ಅಂದು ಗುಫೂಲ್ ತಂಡದ ಎದುರು ಬಂದರಿನ ಕಡೆಯ ಮೀನಾ ಸಲ್ಮಾನ್ ತಂಡ ಇತ್ತು. ಅದರ ಗೋಲಿ, ಎಂದರೆ ಗೋಲು ಕಾಯುವವಳು, ಸುಂದರಿ, ಹದಿಮೂರರ ಹುಡುಗಿ. ಮೀನಾ ಸಲ್ಮಾನಿನ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿರುವ ಚೆನ್ನಪ್ಪನ ಮಗಳು, ಆ ವರ್ಕ್‌ಶಾಪಿನ ಮೇಲಿನ ಎರಡು ಕೋಣೆಗಳಲ್ಲೇ ಬೆಳೆದವಳು. ಇಡೀ ಲೀಗಿನಲ್ಲಿ ಅವಳು ಬಿಟ್ಟದ್ದು ಒಂದೇ ಒಂದು ಗೋಲು. ಎಲ್ಲರೂ ಹಾಕಿ ಸವೆಸಿದ ಲೀಗಿನ ಶೂಗಳಲ್ಲೇ ಆಡುತ್ತಿದ್ದವಳಿಗೆ ಫೈನಲಿಗೆಂದು ಅಪ್ಪ ಹೊಸ ಜೋಡಿ ತಂದುಕೊಟ್ಟಿದ್ದ. ಹೊಸದು ಸಿಕ್ಕಿದ ಖುಷಿಗೆ ಅವಳು ಮನೆಯಿಂದಲೇ ಹಾಕಿಕೊಂಡು, ಪಿಕಪ್ಪಿನಿಂದ ಇಳಿದು, ಕಾರು ನಿಲ್ಲಿಸುವ ಬಯಲು ದಾಟಿ ನಡೆದುಬಂದಳು.

ಎರಡೂ ತಳದಲ್ಲಿ ಸೇರಿ ಏಳೆಂಟು ಕಾಳು ಮರಳು. ಸುರಕ್ಷಾಳ ಕೈಯಲ್ಲಿ ಬ್ರಶ್ ಇತ್ತು. ಒಂದು ನಿಮಿಷದ ಕೆಲಸ. ಅವಳು ಬಾಗುವಷ್ಟರಲ್ಲಿ ಹಿಂದಿನಿಂದ ವಿನಿತಾ ಕಿವಿಯ ಹತ್ತಿರ ಹೇಳಿದಳು, "ರೂಲ್ ಅಂದ್ರೆ ರೂಲ್. ಬ್ರಶ್ ಎಲ್ಲ ಬೇಡ. ಆಡ್ಲಿಕ್ಕಿಲ್ಲ ಅಂತ ಹೇಳು." ಸುರಕ್ಷಾ ಹೇಳಿದಳು. ಗೋಲಿ ಇಲ್ಲದ ಮೀನಾ ಸಲ್ಮಾನ್ ಐದು ಗೋಲುಗಳಿಂದ ಸೋತಿತು.

ಅಷ್ಟಕ್ಕೇ ಮುಗಿದಿದ್ದರೆ ಸುರಕ್ಷಾ ನುಂಗಿಕೊಳ್ಳುತ್ತಿದ್ದಳೋ ಏನೋ. ಬಹುಮಾನದ ಹೊತ್ತಿಗೆ ವಿನಿತಾ ಮೈಕ್ ಹಿಡಿದು, ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ನಕ್ಕಳು. "ಪಾಪ ಆ ಹುಡುಗಿ. ನಾನಾದ್ರೆ ಬಿಟ್ಟುಬಿಡ್ತಿದ್ದೆ. ನಮ್ಮ ಸುರಕ್ಷಾ ಮಾತ್ರ ಭಾರಿ ಸ್ಟ್ರಿಕ್ಟ್, ಅಲ್ವಾ? ಮಾತಾಡುದಿಲ್ಲ, ಆದ್ರೆ ಬಿಡುದೂ ಇಲ್ಲ." ಇನ್ನೂರು ಜನ ನಕ್ಕರು. ಆ ನಗುವಿನ ನಡುವೆ ಸುರಕ್ಷಾ ಸ್ಟೂಲಿನ ಮೇಲೆ ಕೂತಲ್ಲೇ ಇದ್ದಳು, ಬಾಯಿ ತೆರೆಯಲಿಲ್ಲ. ಮುಂದಿನ ವಾರ ಪೇಟೆಯ ದೇವಸ್ಥಾನದಲ್ಲಿ ಎದುರಾದ ಚೆನ್ನಪ್ಪ ಚಪ್ಪಲಿ ಬಿಡುವ ಜಾಗವನ್ನೇ ಬದಲಿಸಿ ಬೇರೆ ಕಡೆ ನಡೆದ.

ಅಂದಿನಿಂದ ಅವಳು ಕಾದಳು. ಜಗಳಕ್ಕೆ ಬರುವಷ್ಟು ಗಂಟಲು ಅವಳಿಗಿರಲಿಲ್ಲ. ಕಾಯುವಷ್ಟು ತಾಳ್ಮೆ ಬೇಕಾದಷ್ಟಿತ್ತು. ರಾತ್ರಿ ಮಲಗುವಾಗ ಆ ನಗು, ಬೆಳಿಗ್ಗೆ ಹಲ್ಲುಜ್ಜುವಾಗ ಆ ನಗು. ಮೈಕಿನಲ್ಲಿ ಹೇಳಿದ ಸುಳ್ಳನ್ನು ಅದೇ ಮೈಕಿನಲ್ಲಿ, ಅದೇ ಬಾಯಿಂದ ವಾಪಸು ಪಡೆಯಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ, ಅದಕ್ಕಿಂತ ಒಂದು ಗುಲಗಂಜಿ ಕಡಿಮೆಯೂ ಬೇಡ.

ಈ ವರ್ಷವೂ ಫೈನಲಿಗೆ ಅವೇ ಎರಡು ತಂಡಗಳು ಬಂದವು. ಅದಕ್ಕೆ ಮೂರು ದಿನ ಮೊದಲು ಸುರಕ್ಷಾ, ಲೀಗಿನ ವಾಟ್ಸ್ಆಪ್ ಗುಂಪಿನಲ್ಲಿ ಎಂದೂ ಏನೂ ಬರೆಯದವಳು, ಒಂದು ಸಾಲು ಬರೆದಳು: ಫೈನಲ್ ದಿನ ಗುಫೂಲ್ ಟೀಮಿನ ಫೋಟೊ ಹೊರಗೆ ಬ್ಯಾನರ್ ಎದುರು ತೆಗೆದರೆ ಬೆಳಕು ಚೆನ್ನಾಗಿರುತ್ತದೆ, ತಲೆಯಿಂದ ಕಾಲಿನವರೆಗೆ ಫುಲ್ ಕಿಟ್‌ನಲ್ಲಿ.

ಫೋಟೊ ಎಂದರೆ ವಿನಿತಾ ಎಲ್ಲವನ್ನೂ ಮರೆಯುತ್ತಾಳೆ. ನಿಮಿಷದೊಳಗೆ ಉತ್ತರ ಬಂತು. "ಸೂಪರ್ ಐಡಿಯಾ. ನೋಡಿ, ನಮ್ಮ ಸುರಕ್ಷಾ ಕೂಡ ಮಾತಾಡ್ಲಿಕ್ಕೆ ಕಲ್ತಳು." ಕೆಳಗೆ ಹನ್ನೆರಡು ಜನರ ನಗುವ ಮುಖಗಳು. ಮೀನಾ ಸಲ್ಮಾನಿನವರನ್ನು ಫೋಟೊಗೆ ಕರೆಯಬೇಕೆಂದು ಯಾರಿಗೂ ತೋಚಲಿಲ್ಲ. ತೋಚುವುದಿಲ್ಲವೆಂದು ಸುರಕ್ಷಾಳಿಗೆ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಅಂಗಳ ಲೀಗಿನದು, ಆಮೇಲೆ ಟಿಕೆಟ್ ಕೊಂಡು ಬರುವ ಸ್ಕೇಟಿಂಗ್‌ನವರದು. ಐಸ್ ನೋಡಿಕೊಳ್ಳುವ ಉಳ್ಳಾಲದ ಅಬ್ದುಲ್ ಬಾಸಿತ್ ಗಡಿಯಾರದ ಪಕ್ಕ ಕೂತಿದ್ದ. ಒಂಬತ್ತು ಗಂಟೆ ಹತ್ತು ನಿಮಿಷದೊಳಗೆ ಆರು ಜನರನ್ನು ಇಳಿಸದ ತಂಡ ಸೋತ ಹಾಗೆ. ಅದೂ ವಿನಿತಾ ಬರೆದ ನಿಯಮವೇ.

ಮೀನಾ ಸಲ್ಮಾನಿನ ಹುಡುಗಿಯರು ಎಂಟೂವರೆಗೇ ಬಂದರು. ಒಬ್ಬೊಬ್ಬರ ಶೂವೂ ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟದ್ದು. ಸುಂದರಿ ತಳ ತೋರಿಸಿ, ಸುರಕ್ಷಾಳ ಮುಖ ನೋಡದೆ ಒಳಗೆ ಹೋದಳು.

ಒಂಬತ್ತಕ್ಕೆ ಸರಿಯಾಗಿ ಗುಫೂಲ್ ತಂಡ ಬಿಸಿಲಿನಿಂದ ಒಳಗೆ ಬಂತು, ಒಂಬತ್ತು ಹುಡುಗಿಯರು, ಮುಂದೆ ತೃಪ್ತಿ, ಹಿಂದೆ ರೇಷ್ಮೆ ಸೀರೆಯ ವಿನಿತಾ, ಪಕ್ಕದಲ್ಲಿ ಕನ್ನಡ ಸಂಘದ ಅಧ್ಯಕ್ಷ ಭುಜಂಗ. ಎಲ್ಲರ ಕಾಲಲ್ಲೂ ಐಸಿನ ಶೂ.

"ತಳ ತೋರ್ಸಿ," ಎಂದಳು ಸುರಕ್ಷಾ.

ತೃಪ್ತಿ ಕಾಲು ಮಡಚಿದಳು. ಎಳ್ಳುಂಡೆಗೆ ಎಳ್ಳು ಅಂಟಿದ ಹಾಗೆ ಮರಳು ಅಂಟಿತ್ತು.

"ನಿಲ್ಲಿ. ಯಾರೂ ಇಳಿಯುವ ಹಾಗಿಲ್ಲ."

ಹಿಂದಿನಿಂದ ವಿನಿತಾ ಬಂದು ತಳ ನೋಡಿದಳು. ಆಮೇಲೆ ನಕ್ಕಳು. "ಅಯ್ಯೋ, ಫೋಟೊದ ಗಡಿಬಿಡಿಯಲ್ಲಿ ಮರ್ತೇ ಹೋಯ್ತು. ಬ್ರಶ್ ಉಂಟಲ್ಲ ನಿನ್ನತ್ರ? ಬೇಗ ಬೇಗ ಉಜ್ಜು."

"ಉಂಟು ಮೇಡಂ. ಕಳೆದ ವರ್ಷವೂ ಇತ್ತು."

ವಿನಿತಾಳ ನಗು ಮುಖದಲ್ಲೇ ಉಳಿಯಿತು, ಕಣ್ಣು ಮಾತ್ರ ಸಣ್ಣದಾಯಿತು. "ಫೋಟೊ ಹೊರಗೆ ತೆಗೀಬೇಕು ಅಂತ ಹೇಳಿದ್ದು ಯಾರು?"

"ನಾನೇ."

ಇದನ್ನು ಹೇಳುವಾಗ ಧ್ವನಿ ನಡುಗಬಹುದೆಂದು ಸುರಕ್ಷಾ ಮೂರು ದಿನ ಹೆದರಿದ್ದಳು. ನಡುಗಲಿಲ್ಲ. ತಣ್ಣಗೆ, ಐಸಿನ ಮೇಲಿಂದ ಬರುವ ಗಾಳಿಯ ಹಾಗೆ ಹೊರಬಂತು.

"ಬೇಕಂತಲೇ ಮಾಡಿದ್ದಾ?"

"ಬೇಕಂತಲೇ."

"ಮಕ್ಕಳ ಆಟದಲ್ಲಿ ಇಂಥ ವಿಷ ಇಡ್ತಿಯಲ್ಲ, ನಾಚಿಕೆ ಆಗುದಿಲ್ವಾ ನಿಂಗೆ?"

"ಸುಂದರಿಯೂ ಮಗುವೇ ಆಗಿದ್ದಳು ಮೇಡಂ." ಸುರಕ್ಷಾ ಬ್ರಶ್ ಎತ್ತಿ ಹಿಡಿದಳು. "ಮೈಕಲ್ಲಿ ಒಂದು ಮಾತು ಹೇಳಿ. ಹೋದ ಸಲ ಅವಳನ್ನು ನಿಲ್ಲಿಸ್ಲಿಕ್ಕೆ ಹೇಳಿದ್ದು ನಾನು, ಸುರಕ್ಷಾ ಅಲ್ಲ ಅಂತ. ಹೇಳಿದ ಕೂಡ್ಲೇ ನಾನೇ ಕೂತು ಎಲ್ಲರ ಶೂ ಉಜ್ಜಿ ಕೊಡ್ತೇನೆ."

"ಅದೊಂದು ನನ್ನಿಂದ ಆಗುದಿಲ್ಲ."

"ಹಾಗಾದ್ರೆ ನನ್ನಿಂದಲೂ ಆಗುದಿಲ್ಲ."

"ಒಂಬತ್ತು ಮೂರು," ಎಂದು ಅಬ್ದುಲ್ ಬಾಸಿತ್ ಅಲ್ಲಿಂದ ಕೂಗಿದ. "ಯಲ್ಲಾ, ಬೇಗ ಮಾರ್ರೆ, ಹನ್ನೊಂದಕ್ಕೆ ನಾನು ಗೇಟ್ ತೆಗೀಬೇಕು."

ಭುಜಂಗ ನಡುವೆ ಬಂದು, ಇದೆಲ್ಲ ಚಿಕ್ಕ ವಿಷಯ, ಸಂಘದ ಮರ್ಯಾದೆ ನೋಡಬೇಕು ಎಂದ. ತೃಪ್ತಿ ಅಮ್ಮನ ಸೆರಗು ಎಳೆದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಅವಳ ಕೆಳತುಟಿ ನಡುಗುವುದು ಸುರಕ್ಷಾಳಿಗೆ ಕಂಡಿತು. ಕಳೆದ ವರ್ಷ ಇನ್ನೊಂದು ತುಟಿ ಹೀಗೆಯೇ ನಡುಗಿತ್ತು ಎಂದುಕೊಂಡು ಅವಳು ಮನಸ್ಸನ್ನು ಗಟ್ಟಿ ಮಾಡಿಕೊಂಡಳು. ಇನ್ನು ಏಳು ನಿಮಿಷ. ಒಂದು ವರ್ಷ ಕಾದವಳಿಗೆ ಏಳು ನಿಮಿಷ ಯಾವ ಲೆಕ್ಕ?

ಆಗ ಐಸಿನ ಕಡೆಯಿಂದ ಗೇಟಿಗೆ ಕೋಲು ಬಡಿದ ಸದ್ದಾಯಿತು. ಸುಂದರಿ ನಿಂತಿದ್ದಳು. ಒಂದು ವರ್ಷದಲ್ಲಿ ಒಂದು ಗೇಣು ಉದ್ದವಾಗಿದ್ದಳು.

"ಎಂತ ಇದು ಅಕ್ಕ? ಇವ್ರು ಯಾಕೆ ಬರುದಿಲ್ಲ?"

"ಶೂನಲ್ಲಿ ಮರಳುಂಟು," ಎಂದಳು ಸುರಕ್ಷಾ. ಅವಳ ಧ್ವನಿಯಲ್ಲಿ, ಒಂದು ಉಡುಗೊರೆ ಕೊಡುವವರ ಹೆಮ್ಮೆ ಇತ್ತು. "ಇನ್ನು ಸ್ವಲ್ಪ ಹೊತ್ತು. ಒಂಬತ್ತು ಹತ್ತು ಆದ್ರೆ ನೀವೇ ಗೆದ್ದ ಹಾಗೆ."

"ನಮಗೆ ಬೇಡ."

"ಎಂತ?"

"ಹಾಗೆ ಗೆಲ್ಲುದು ಬೇಡ." ಸುಂದರಿ ಹೆಲ್ಮೆಟ್ಟಿನ ಪಟ್ಟಿ ಸಡಿಲಿಸಿದಳು. "ಒಂದು ವರ್ಷ ಅಪ್ಪನ ಷೆಡ್ಡಲ್ಲಿ ತಗಡಿನ ಮೇಲೆ ಸೋಪಿನ ನೀರು ಹಾಕಿ ಓಡಿದ್ದೇನೆ. ಎಷ್ಟು ಸಲ ಬಿದ್ದೆ ಅಂತ ಅಪ್ಪನನ್ನು ಕೇಳಿ. ಗೋಲಿ ಜಾಗ ಬಿಟ್ಟು ಫಾರ್ವರ್ಡ್ ಆದದ್ದೇ ಇವ್ರಿಗೆ ಗೋಲು ಹಾಕ್ಲಿಕ್ಕೆ. ಇವ್ರು ಬರದಿದ್ರೆ ನಾನು ಯಾರಿಗೆ ಹಾಕುದು, ಗೋಡೆಗಾ?"

"ನಿನಗೋಸ್ಕರವೇ ನಾನು..."

"ನನಗೋಸ್ಕರ ಅಲ್ಲ ಅಕ್ಕ. ಆಂಟಿ ನಿಮ್ಮ ಕಿವಿಯಲ್ಲಿ ಹೇಳಿದ್ದು ನಂಗೆ ಕೇಳಿತ್ತು. ನಾನು ಇಲ್ಲೇ ಇದ್ದೆ ಅಲ್ವಾ. ಆದ್ರೆ ಬ್ರಶ್ ಆಂಟಿಯ ಕೈಯಲ್ಲಿ ಇರ್ಲಿಲ್ಲ."

ಸುರಕ್ಷಾಳ ಮುಖಕ್ಕೆ ರಕ್ತ ನುಗ್ಗಿತು. ಒಂದು ವರ್ಷ ಅವಳು ಸಾವಿರ ಸಲ ಆ ಬೆಳಗನ್ನು ನೆನೆದಿದ್ದಳು. ಸಾವಿರ ಸಲವೂ ಅದರಲ್ಲಿ ತಪ್ಪು ಮಾಡಿದವಳು ಒಬ್ಬಳೇ ಇದ್ದಳು. ಸಿಟ್ಟು ಬಂತು. ಈ ಹುಡುಗಿಯ ಮೇಲೂ ಸಿಟ್ಟು ಬಂತು. ಆದರೆ ಅಂದು ಬ್ರಶ್ ಇದ್ದದ್ದು ತನ್ನ ಕೈಯಲ್ಲೇ.

"ಒಂಬತ್ತು ನಾಲ್ಕು," ಎಂದ ಅಬ್ದುಲ್ ಬಾಸಿತ್.

ಸುರಕ್ಷಾ ಎದ್ದು ಬ್ರಶ್ಶನ್ನು ವಿನಿತಾಳ ಕೈಗಿಟ್ಟಳು. "ಆರು ನಿಮಿಷ, ಆರು ಜೋಡಿ. ನಾನು ಮುಟ್ಟುದಿಲ್ಲ. ನೀವೇ ಕೂತು ಉಜ್ಜಿ."

ವಿನಿತಾ ಸುತ್ತ ನೋಡಿದಳು. ಗ್ಯಾಲರಿಯ ಜನವೆಲ್ಲ ಕತ್ತು ಉದ್ದ ಮಾಡಿತ್ತು. ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿ ಅವಳು ಒದ್ದೆ ರಬ್ಬರ್ ಹಾಸಿನ ಮೇಲೆ ಮಂಡಿಯೂರಿದಳು. ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜತೊಡಗಿದಳು. ಮರಳು ಕೆಂಪು ರೇಷ್ಮೆಯ ಮೇಲೆ ಉದುರಿತು. ಇದನ್ನಾದರೂ ಕಣ್ಣು ತುಂಬ ನೋಡೋಣ ಎಂದು ಸುರಕ್ಷಾ ಕೈಕಟ್ಟಿ ನಿಂತಳು.

ನೋಡಿದ್ದು ಒಂದೇ ನಿಮಿಷ. ಭುಜಂಗ ಮೊಬೈಲ್ ತೆಗೆದಿದ್ದ. "ವಿನಿತಾ ಮೇಡಂ ಎಷ್ಟು ಸಿಂಪಲ್ ನೋಡಿ. ಮಕ್ಕಳ ಕಾಲು ಹಿಡೀಲಿಕ್ಕೂ ಸೈ." ಗ್ಯಾಲರಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ವಿನಿತಾ ತಲೆ ಎತ್ತಿದಳು, ಮೊಬೈಲ್ ನೋಡಿದಳು, ಹಣೆಯ ಕೂದಲನ್ನು ಮೊಣಕೈಯಿಂದ ಹಿಂದಕ್ಕೆ ಸರಿಸಿ ಮುಗುಳ್ನಕ್ಕಳು. ಮುಂದಿನ ಹುಡುಗಿಯ ಕಾಲನ್ನು ಇನ್ನಷ್ಟು ಅಕ್ಕರೆಯಿಂದ ಎತ್ತಿಕೊಂಡಳು.

ಮೂರು ದಿನ ಹೆಣೆದ ಬಲೆ, ಒಂದು ವರ್ಷದ ಕಾಯುವಿಕೆ, ಎಲ್ಲವೂ ಒಂದು ಒಳ್ಳೆಯ ಫೋಟೊ ಆಯಿತು.

ಒಂಬತ್ತು ಹತ್ತಕ್ಕೆ ಅರ್ಧ ನಿಮಿಷ ಇರುವಾಗ ಆರನೆಯ ಹುಡುಗಿ ಐಸಿಗಿಳಿದಳು.

ಸುಂದರಿ ಆಡಿದ್ದನ್ನು ಆಟ ಎನ್ನಲು ಸಾಧ್ಯವಿಲ್ಲ. ಉಳಿದವರು ಜಾರದ ಹಾಗೆ ಹುಷಾರಾಗಿ ಓಡುತ್ತಿದ್ದರೆ ಅವಳು ಬೇಕೆಂದೇ ಜಾರುತ್ತಿದ್ದಳು, ಜಾರುತ್ತಲೇ ತಿರುಗುತ್ತಿದ್ದಳು, ತಿರುಗಿದಲ್ಲೇ ಹೊಡೆಯುತ್ತಿದ್ದಳು. ಐದು ಗೋಲು. ಐದನೆಯದು ಹೊಡೆದ ಮೇಲೆ ಇನ್ನೂ ಎಂಟು ನಿಮಿಷ ಉಳಿದಿತ್ತು. ಅವಳು ಮತ್ತೆ ಗೋಲಿನತ್ತ ಹೊಡೆಯಲಿಲ್ಲ, ಚೆಂಡನ್ನು ತನ್ನವರಿಗೇ ತಳ್ಳುತ್ತ ಹೊತ್ತು ಕಳೆದಳು. ಐದು ಎಂದರೆ ಯಾವ ಐದು ಎಂದು ಗುಫೂಲ್ ತಂಡಕ್ಕೆ ಗೊತ್ತಾಯಿತು. ತೃಪ್ತಿ ಅಳುತ್ತಲೇ ಆಡಿದಳು.

ಪದಕ ಹಾಕುವಾಗ ತಟ್ಟೆ ಹಿಡಿದು ನಿಂತದ್ದು ಸುರಕ್ಷಾ. ವಿನಿತಾ ಮೈಕ್ ಹಿಡಿದು ಸುಂದರಿಯ ಹೆಗಲ ಮೇಲೆ ಕೈಯಿಟ್ಟಳು. "ಈ ಹುಡುಗಿಯಲ್ಲಿ ಏನೋ ಉಂಟು ಅಂತ ನಾನು ಮೊದಲ ದಿನವೇ ಹೇಳಿದ್ದೆ. ನಮ್ಮ ಲೀಗಿನ ಮಗಳು ಇವಳು. ಎರಡು ಮಾತು ಹೇಳು ಪುಟ್ಟಾ."

ಸುಂದರಿ ಮೈಕ್ ತೆಗೆದುಕೊಂಡಳು. ಇನ್ನೂ ಏದುಸಿರು ಬಿಡುತ್ತಿದ್ದಳು, ಅದು ಸ್ಪೀಕರಿನಲ್ಲಿ ದೊಡ್ಡದಾಗಿ ಕೇಳುತ್ತಿತ್ತು.

"ಹೋದ ವರ್ಷ ಫೈನಲಲ್ಲಿ ನನ್ನನ್ನು ಆಡ್ಲಿಕ್ಕೆ ಬಿಡಬೇಡ ಅಂತ ಹೇಳಿದ್ದು ವಿನಿತಾ ಆಂಟಿ," ಎಂದಳು. "ಆಮೇಲೆ ಸುರಕ್ಷಾ ಅಕ್ಕ ಅಂತ ಸುಳ್ಳು ಹೇಳಿದ್ರು. ಸುರಕ್ಷಾ ಅಕ್ಕ ಬ್ರಶ್ ಕೈಯಲ್ಲಿ ಹಿಡ್ಕೊಂಡು ಸುಮ್ಮನೆ ಇದ್ರು. ಅಷ್ಟೇ. ಥ್ಯಾಂಕ್ಯೂ."

ಯಾರೂ ನಗಲಿಲ್ಲ. ಭುಜಂಗ ಚಪ್ಪಾಳೆಗೆಂದು ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಸುರಕ್ಷಾ ಒಂದು ವರ್ಷ ಹಸಿದು ಕಾದಿದ್ದ ಮಾತು ಅದೇ ಮೈಕಿನಲ್ಲಿ, ಇನ್ನೂರು ಜನರ ಕಿವಿಗೆ ಬಿದ್ದಾಗಿತ್ತು. ಅದರ ಬೆನ್ನಿಗೇ ಬಂದ ಮಾತೂ ಬಿದ್ದಾಗಿತ್ತು. ಮೊದಲನೆಯದನ್ನು ಮಾತ್ರ ಇಟ್ಟುಕೊಂಡು ಎರಡನೆಯದನ್ನು ಬಿಡಲು ದಾರಿ ಇರಲಿಲ್ಲ.

ವಿನಿತಾ ಸುರಕ್ಷಾಳ ಕಡೆ ತಿರುಗಿದಳು. ಸುರಕ್ಷಾಳೂ ನೋಡಿದಳು. ಪದಕದ ತಟ್ಟೆಯ ಆಚೆ ಈಚೆ ಇಬ್ಬರೂ ಒಂದೇ ಥರ ಕೆಂಪಾಗಿ, ಒಂದೇ ಥರ ಬಾಯಿ ಕಟ್ಟಿ ನಿಂತಿದ್ದರು. ಸುಂದರಿ ಮೈಕನ್ನು ಮೇಜಿನ ಮೇಲಿಟ್ಟು, ಪದಕವನ್ನು ತಾನೇ ಎತ್ತಿಕೊಂಡು ಕೊರಳಿಗೆ ಹಾಕಿ, ತನ್ನ ತಂಡದವರ ಕಡೆ ನಡೆದಳು.