ಸುಬ್ಬಯ್ಯನ್ ಮಂಡಿಸಿದ ಬೇಡಿಕೆ

ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯ ಸಣ್ಣ ಪಂಪು ತಯಾರಕರ ಸಂಘಕ್ಕೆ ಕನ್ನಡದ ಅಗತ್ಯ ಬಿದ್ದದ್ದು ಅದೇ ಮೊದಲು. ಅಲ್ಲಿಯವರೆಗೆ ಸಂಘ ತಮಿಳಿನಲ್ಲಿ ಮನವಿ ಬರೆದು, ಇಂಗ್ಲಿಷಿನಲ್ಲಿ ನೆನಪಿನ ಪತ್ರ ಕಳಿಸಿ, ಎರಡಕ್ಕೂ ಉತ್ತರ ಬಾರದೆ, ಮತ್ತೆ ತಮಿಳಿನಲ್ಲಿ ಬರೆಯುತ್ತ ನೆಮ್ಮದಿಯಾಗಿಯೇ ಇತ್ತು. ಈ ವರ್ಷ ತರಬೇತಿಯ ಇಲಾಖೆಗೆ ಹೊಸ ನಿರ್ದೇಶಕಿ ಬಂದರು. ಹೆಸರು ಸುಮಂಗಲಾ, ಹುಟ್ಟಿದ್ದು ಹಾವೇರಿಯ ಕಡೆ. ಸಂಘದ ಅಧ್ಯಕ್ಷ ಸೆಂದಿಲ್‌ಕುಮಾರ್ ಈ ಸುದ್ದಿಯನ್ನು ಸಮಿತಿಯ ಸಭೆಗೆ ತಿಳಿಸಿ, ಕನ್ನಡಕ ತೆಗೆದು, ಮೇಜಿನ ತುದಿಯಲ್ಲಿ ಬೋಂಡಾ ತಿನ್ನುತ್ತಿದ್ದ ಸುಬ್ಬಯ್ಯನ್ ಕಡೆ ನೋಡಿದರು.

"ನಿಮ್ಮ ಮನೆಯಲ್ಲಿ ಕನ್ನಡ ತಾನೆ?" ಎಂದು ತಮಿಳಿನಲ್ಲಿ ಕೇಳಿದರು.

ಬಾಯಿ ತುಂಬಿದ್ದರಿಂದ ಸುಬ್ಬಯ್ಯನ್ ತಲೆಯಾಡಿಸಿದ. ನಿಯೋಗದ ಪರವಾಗಿ ಮಾತನಾಡಲು ಅವನು ಒಪ್ಪಿದ್ದಾನೆಂದು ಸಭೆ ಚಪ್ಪಾಳೆ ತಟ್ಟಿತು.

ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರೆ. ಸುಬ್ಬಯ್ಯನ್ ಅಂಥ ಗೌಡ. ಪಂಪಿನ ಶಾಫ್ಟು ಕಡೆಯುವ ನಾಲ್ಕು ಲೇತು ಇಟ್ಟುಕೊಂಡಿದ್ದ. ಅವನ ಹಿರಿಯರು ಯಾವ ರಾಜನ ಕಾಲದಲ್ಲಿ, ಯಾರ ಮೇಲೆ ಮುನಿಸಿಕೊಂಡು ಅನ್ನೂರಿನ ಹೊಲಗಳಿಗೆ ಬಂದು ಸೇರಿದರೋ ಮನೆಯಲ್ಲಿ ಯಾರಿಗೂ ತಿಳಿಯದು. ಬರುವಾಗ ಕನ್ನಡ ತಂದರು, ಅಕ್ಷರ ತರಲಿಲ್ಲ. ಆ ಮನೆಯ ಕನ್ನಡಕ್ಕೆ ಹಕಾರ ಕಾಲಿಡುವುದಿಲ್ಲ. ಹಾಲು ಆಲು, ಹೆಂಡತಿ ಎಂಡ್ತಿ. ಅಡುಗೆಮನೆ, ಜಗಳ, ಮಕ್ಕಳ ಜ್ವರ, ಇಷ್ಟಕ್ಕೆ ಬೇಕಾದ ಕನ್ನಡ ಧಾರಾಳವಾಗಿ ಇತ್ತು. ಹೊಸಿಲು ದಾಟಿದರೆ ತಮಿಳು. ಸರ್ಕಾರದ ಜೊತೆ ಕನ್ನಡದಲ್ಲಿ ಮಾತನಾಡಬೇಕಾಗಿ ಬಂದೀತೆಂದು ಆ ವಂಶದಲ್ಲಿ ಯಾರೂ ತಯಾರಿ ಮಾಡಿಕೊಂಡಿರಲಿಲ್ಲ.

ಇನ್ನು, ಸಂಘ ಕೇಳಲು ಹೊರಟದ್ದು ಏನನ್ನು ಎಂಬ ವಿಷಯ. ಕರುಮತ್ತಂಪಟ್ಟಿಯಿಂದ ಒಳಕ್ಕೆ ಹನ್ನೆರಡು ಎಕರೆಯ ಒಂದು ಒಣನೆಲದಲ್ಲಿ ಭಾರಿ ತರಬೇತಿ ಕೇಂದ್ರ ಬರಬೇಕು. ಮುಂಭಾಗವೆಲ್ಲ ಗಾಜು, ಎದುರಿಗೆ ಕಾರಂಜಿ. ಸೆಂದಿಲ್‌ಕುಮಾರ್ ಇದರ ಚಿತ್ರ ಬರೆಸಿ ಚೌಕಟ್ಟು ಹಾಕಿಸಿದ್ದರು. ಅವರು ಕೆಟ್ಟ ಮನುಷ್ಯರಲ್ಲ. ಆ ಕಾರಂಜಿಯನ್ನು ನಿಜವಾಗಿಯೂ ಪ್ರೀತಿಸುತ್ತಿದ್ದರು. ಆದರೆ ಒಂದು ಸಂಘಕ್ಕೆ ಒಂದೇ ಕೇಂದ್ರ ಎಂಬ ನಿಯಮವಿತ್ತು. ಹೊಸದು ಬಂದರೆ ಗಣಪತಿಯ ಸಂಘದ ಹಾಲ್‌ನಲ್ಲಿ ಸಂಜೆ ನಡೆಯುವ, ಮೋಟಾರಿನ ಕಾಯಿಲ್ ಸುತ್ತುವ ತರಗತಿ ಮುಚ್ಚಬೇಕು.

ಆ ತರಗತಿಯ ಟೀಚರು ಜಾನಮ್ಮ, ಸುಬ್ಬಯ್ಯನ ಹೆಂಡತಿ.

ಜಾನಮ್ಮ ಓದಿದ್ದು ಎಂಟನೆಯ ತರಗತಿ. ಮದುವೆಗೆ ಮುಂಚೆ ಒಂದು ಮೋಟಾರು ಕಂಪನಿಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದಳು. ಈಗ ಸತ್ಯಮಂಗಲಂ ರಸ್ತೆಯ ಉದ್ದಕ್ಕೂ, ಅನ್ನೂರಿನಷ್ಟು ದೂರದಿಂದಲೂ, ಟೌನ್ ಬಸ್ಸು ಹಿಡಿದು ಬರುವ ಹೆಂಗಸರಿಗೆ ಅದನ್ನೇ ಕಲಿಸುತ್ತಾಳೆ. ಕ್ಲಾಸಿನ ದಿನ ಇಸ್ತ್ರಿ ಮಾಡಿದ ಸೀರೆ. ಅವಳು ಬೋರ್ಡಿನ ಮುಂದೆ ನಿಂತು ಗದರುವ ದನಿ ಎದುರಿನ ಲೇತು ಶೆಡ್ಡಿಗೆ ಕೇಳುತ್ತಿತ್ತು. ಆ ಹೊತ್ತಿಗೆ ಸುಬ್ಬಯ್ಯನ್ ಏನೋ ನೆಪ ಹೇಳಿ ಒಂದು ಲೇತು ನಿಲ್ಲಿಸಿ ಕೇಳುತ್ತಿದ್ದ. ಅವನಿಗೆ ಅದು ಇಷ್ಟ. ಮನೆಯಲ್ಲಿ ಅದೇ ದನಿ ತನ್ನ ಮೇಲೆ ಏರಿದಾಗ ಅಷ್ಟು ಇಷ್ಟವಾಗುತ್ತಿರಲಿಲ್ಲ.

ಹೀಗಿದ್ದೂ, ಹೊಸ ಕೇಂದ್ರಕ್ಕೆ ಸಮಿತಿಯಲ್ಲಿ ಕೈಯೆತ್ತಿ ಎಂದಾಗ ಸುಬ್ಬಯ್ಯನ್ ಎತ್ತಿದ. ಎಲ್ಲರೂ ಎತ್ತಿದ್ದರು, ಅಧ್ಯಕ್ಷರು ಮುಖ ಮುಖ ನೋಡುತ್ತಿದ್ದರು, ಮೇಲಾಗಿ ಮುಂದಿನ ಸಲ ಉಪಾಧ್ಯಕ್ಷ ಸ್ಥಾನ ಅವನಿಗೇ ಎಂದು ಮಾತಾಗಿತ್ತು. ಎತ್ತಿದ ಕೈಯನ್ನು ಮನೆಗೆ ತಂದು ಅದೇ ಕೈಯಲ್ಲಿ ಊಟ ಮಾಡಿದ. ಜಾನಮ್ಮನಿಗೆ ಹೇಳಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಓಡಾಡಿದ, ನುಂಗಲೂ ಆಗದು, ಉಗುಳಲೂ ಆಗದು.

ನಿರ್ದೇಶಕಿಯ ಭೇಟಿಗೆ ಮುಂಚೆ ಸಂಘ ತನ್ನ ಸದಸ್ಯರಿಗೇ ಒಂದು ತರಬೇತಿ ಏರ್ಪಡಿಸಿತು. ಕಲಿಸಲು ಬಂದವನು ಕುಮರೇಶನ್. ಇಂಜಿನಿಯರಿಂಗ್ ಕಂಪನಿಗಳಿಗೆ ಸರ್ಕಾರದ ಜೊತೆ ಮಾತನಾಡಲು ಕಲಿಸುವುದೇ ಅವನ ವೃತ್ತಿ. ಅದಕ್ಕೆ ಮುಂಚೆ ತಿರುಪ್ಪೂರಿನ ಬನಿಯನ್ ಕಂಪನಿಗಳವರಿಗೆ ವಿದೇಶಿ ಗಿರಾಕಿಗಳ ಕೈ ಕುಲುಕಲು ಕಲಿಸಿದ್ದ. ಅವನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಂತ್ರಿಯಾಗಿ ಕೂತ. ಪಂಪಿನವರು ಒಬ್ಬೊಬ್ಬರಾಗಿ ಬಂದು, ಅವನು ಕಲಿಸಿದಂತೆ ನಕ್ಕು, ಅಹವಾಲು ಹೇಳಿಕೊಂಡರು. ಫೌಂಡ್ರಿಯ ಗೋವಿಂದಸಾಮಿ ಈ ನಾಟಕದ ಮಂತ್ರಿಯ ಮುಂದೆಯೂ ಚಪ್ಪಲಿ ಬಿಟ್ಟು ನಿಂತ.

ಕೊನೆಗೆ ಕುಮರೇಶನ್ ಸುಬ್ಬಯ್ಯನನ್ನು ಪ್ರತ್ಯೇಕ ಕೂಡಿಸಿ ಎರಡು ಸೂತ್ರ ಹೇಳಿಕೊಟ್ಟ. "ಒಂದು, ಅಧಿಕಾರಿ ಏನು ಕೇಳುತ್ತಾರೋ ಅದಕ್ಕಷ್ಟೇ ಉತ್ತರ. ನೀವು ತಯಾರಿಸಿಕೊಂಡು ಹೋದದ್ದನ್ನು ಒಪ್ಪಿಸಬೇಡಿ. ಎರಡು, ಆಗಾಗ ಅಧ್ಯಕ್ಷರ ಮುಖ ನೋಡಿ. ಅವರು ತಲೆಯಾಡಿಸಿದರೆ ಮುಂದುವರಿಸಿ." ಸುಬ್ಬಯ್ಯನ್ ಎರಡನ್ನೂ ಅಕ್ಷರಶಃ ಪಾಲಿಸಿದ. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಭೇಟಿ ನಡೆದದ್ದು ಕೊಯಮತ್ತೂರಿನ ಒಂದು ಅತಿಥಿಗೃಹದಲ್ಲಿ. ಸೆಂದಿಲ್‌ಕುಮಾರ್ ಚೌಕಟ್ಟಿನ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು, ಇವರು ಕನ್ನಡದವರು ಎಂದು ಪರಿಚಯ ಮಾಡಿಸಿದರು. ಸುಮಂಗಲಾ ಅವರ ಮುಖ ಅರಳಿತು.

"ಹೌದಾ? ಮನೆಗೆ ಫೋನ್ ಮಾಡಿದಾಗ ಬಿಟ್ಟರೆ ನನಗೆ ಕನ್ನಡವೇ ಇಲ್ಲ. ಕರ್ನಾಟಕದಲ್ಲಿ ಯಾವ ಕಡೆಯವರು?"

"ಕರ್ನಾಟಕಕ್ಕೆ ಒಂದ್ಸಲ ಓಗಿದ್ದೆ ಮೇಡಮ್, ಮೈಸೂರ್ಗೆ," ಎಂದ ಸುಬ್ಬಯ್ಯನ್. "ಜೂ ನೋಡ್ದೆ. ಚೆನ್ನಾಗಿತ್ತು."

ಅವರು ನಕ್ಕು ಪೆನ್ನು ತೆಗೆದರು. "ಸರಿ, ಸುಬ್ಬಯ್ಯನವರೇ. ನಿಮ್ಮ ಬೇಡಿಕೆಗಳೇನು? ಮುಚ್ಚುಮರೆ ಬೇಡ, ಒಂದೊಂದಾಗಿ ಹೇಳಿ."

ಬೇಡಿಕೆ. ಈ ಮಾತನ್ನು ಸುಬ್ಬಯ್ಯನ್ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆದರೆ ಅವನು ದಡ್ಡನಲ್ಲ. ನಾಚಿದರೆ ನಾಚಿಕೆ, ಅಂಜಿದರೆ ಅಂಜಿಕೆ, ಬೇಡ ಎಂದರೆ ಬೇಡಿಕೆ. ಅಂದರೆ ನಮಗೆ ಬೇಡವಾದದ್ದು ಯಾವುದು ಎಂದು ಕೇಳುತ್ತಿದ್ದಾರೆ. ಅವನಿಗೆ ಆಶ್ಚರ್ಯವಾಯಿತು. ಏನು ಬೇಕು ಎಂದು ಕೇಳಿ ಕೊಡದೆ ಹೋದ ಅಧಿಕಾರಿಗಳನ್ನು ಅವನು ಬೇಕಾದಷ್ಟು ನೋಡಿದ್ದ. ಏನು ಬೇಡ ಎಂದು ಕೇಳಿದ ಪುಣ್ಯಾತ್ಮರನ್ನು ಕಂಡಿರಲಿಲ್ಲ. ದೊಡ್ಡ ಓದು ಓದಿದವರು ಹೀಗೇ ಕೇಳುತ್ತಾರೇನೋ ಅಂದುಕೊಂಡ. ಕೇಳಿದ್ದಕ್ಕಷ್ಟೇ ಉತ್ತರ ಎಂಬ ಸೂತ್ರ ನೆನಪಾಯಿತು.

"ಮೊದಲ್ಗೆ, ಈ ಕರೆಂಟು ಕಟ್ಟಾಗೋದು ಬೇಡ ಮೇಡಮ್," ಎಂದ.

ಸುಮಂಗಲಾ ಬರೆದುಕೊಂಡರು. ಸುಬ್ಬಯ್ಯನ್ ಅಧ್ಯಕ್ಷರ ಮುಖ ನೋಡಿದ. ಸೆಂದಿಲ್‌ಕುಮಾರ್‌ಗೆ ಕನ್ನಡ ಬಾರದು. ತಮಿಳಿನಲ್ಲಿ ವೇಂಡುವುದು ಎಂದರೆ ಬೇಡಿಕೊಳ್ಳುವುದು. ದೇವರ ಮುಂದೆ ಮಾಡುವುದೂ ಅದೇ. ಒಲ್ಲೆ ಎನ್ನುವ ವೇಂಡಾಂ ಬೇರೆ, ಅದರ ಮೂಗಿನ ದನಿ ಇಲ್ಲಿ ಅವರಿಗೆ ಕೇಳಲಿಲ್ಲ. ಹಾಗಾಗಿ ಬೇಡ ಎಂಬುದು ಕಿವಿಗೆ ಬಿದ್ದೊಡನೆ, ನಮ್ಮವನು ಚೆನ್ನಾಗಿ ಬೇಡಿಕೊಳ್ಳುತ್ತಿದ್ದಾನೆ ಎಂದು ಸಂತೋಷದಿಂದ ತಲೆಯಾಡಿಸಿ ಕೈ ಜೋಡಿಸಿದರು.

"ವರ್ಷವರ್ಷ ಕಾಲೇಜು ಉಡುಗ್ರನ್ನ ಕರ್ಕೊಂಡು ಬಂದು ನಮ್ಮ ಪಟ್ಟರೆ, ಶೆಡ್ಡು ತೋರ್ಸೋದು ಬೇಡ. ಫೋಟೋ ಇಡೀತಾರೆ, ಲೇತು ನೋಡಲ್ಲ." ಅಧ್ಯಕ್ಷರು ಕೈ ಜೋಡಿಸಿದರು.

"ನಗೋದು ಎಂಗೇಂತ ನಮ್ಗೆ ಟ್ರೈನಿಂಗು ಬೇಡ." ಅಧ್ಯಕ್ಷರು ಇನ್ನೂ ಸ್ವಲ್ಪ ಬಾಗಿದರು.

ಸುಬ್ಬಯ್ಯನ್ ಅವರನ್ನೇ ನೋಡಿದ. ಪಾಪ, ಇವರಿಗೂ ಇದೆಲ್ಲ ಬೇಡವಾಗಿತ್ತು, ಹೇಳಿಕೊಳ್ಳಲಾಗದೆ ಒದ್ದಾಡುತ್ತಿದ್ದರು ಎಂದು ಅವನಿಗೆ ಅನ್ನಿಸಿತು. ಹಾಗಾದರೆ ಅದನ್ನೂ ಹೇಳಿಬಿಡಬಹುದು.

"ಆಮೇಲೆ ಮೇಡಮ್, ಆ ಕಣ್ಣಾಡಿ ಕಟ್ಟಡ ಬೇಡ."

"ಯಾವುದು?"

ಸುಬ್ಬಯ್ಯನ್ ಅಧ್ಯಕ್ಷರ ಮಡಿಲಿನ ಚಿತ್ರ ತೋರಿಸಿದ. ಸೆಂದಿಲ್‌ಕುಮಾರ್ ಕೂಡಲೇ ಎದ್ದು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

"ಕರುಮತ್ತಂಪಟ್ಟೀಲಿ ಇಳಿದು ಒಳಗೆ ಓಗಕ್ಕೆ ಬಸ್ಸಿಲ್ಲ. ಕಟ್ಟಿದ್ರೂ ಎಣ್ಣುಮಕ್ಕಳು ಎಂಗೆ ಬರ್ತಾರೆ? ಆ ನೀರು ಚಿಮ್ಮೋದ ನೋಡಕ್ಕೆ ಆಡು ಬರ್ತವೆ, ಅಷ್ಟೇ." ಅಧ್ಯಕ್ಷರು ಚಿತ್ರವನ್ನು ಇನ್ನಷ್ಟು ಎತ್ತರಕ್ಕೆ ಹಿಡಿದರು. "ಅದು ಬಂದ್ರೆ ನಮ್ಮ ಸಾಯಂಕಾಲ ಕ್ಲಾಸು ಮುಚ್ಚಬೇಕಂತೆ. ಅದು ಬೇಡ ಮೇಡಮ್. ಬೇಡವೇ ಬೇಡ. ನನ್ನ ಎಂಡ್ತಿ ಅಲ್ಲಿ ಕಾಯಿಲ್ ಸುತ್ತೋದು ಏಳ್ಕೊಡ್ತಾಳೆ. ಎಂಟನೇ ಕ್ಲಾಸು ಓದಿದವಳು. ಬೋರ್ಡ್ ಮುಂದೆ ನಿಂತ್ರೆ ಬೇರೆ ಆಳೇ ಆಗೋಗ್ತಾಳೆ. ನಾನು ದಿನಾ ಲೇತು ನಿಲ್ಸಿ ಕೇಳ್ತೀನಿ. ಇದುವರ್ಗೂ ಅವಳ್ಗೆ ಏಳಿಲ್ಲ."

ಕೊನೆಯ ಮಾತು ಸರ್ಕಾರಕ್ಕೆ ಸಂಬಂಧಿಸಿದ್ದಲ್ಲ. ಆದರೆ ಬಂದಾಗಿತ್ತು. ಅವನ ಕಣ್ಣು ಒದ್ದೆಯಾಗಿತ್ತು. ಅದನ್ನು ನೋಡಿ, ಏನೊಂದೂ ತಿಳಿಯದ ಅಧ್ಯಕ್ಷರ ಕಣ್ಣೂ ಒದ್ದೆಯಾಯಿತು.

ಸುಮಂಗಲಾ ಪೆನ್ನು ಮುಚ್ಚಿದರು. ಆ ವರ್ಷ ಹೊಸ ಕಟ್ಟಡಗಳಿಗೆ ಇಲಾಖೆಯಲ್ಲಿ ಬಿಡಿಗಾಸೂ ಇರಲಿಲ್ಲ. ಅದನ್ನು ಈ ಜನರಿಗೆ ಹೇಗೆ ಹೇಳುವುದೆಂದು ಅವರು ಬೆಳಿಗ್ಗೆಯಿಂದ ಚಿಂತಿಸುತ್ತಿದ್ದರು.

"ನೌಕರಿಗೆ ಸೇರಿದ ಮೇಲೆ ಇಷ್ಟು ನೇರವಾದ ಬೇಡಿಕೆ ಕೇಳಿರಲಿಲ್ಲ," ಎಂದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ ಶುದ್ಧವಾದ ತಮಿಳಿನಲ್ಲಿ ಹೇಳಿದರು: "ನಿಮ್ಮ ಸಂಘದ ಕೋರಿಕ್ಕೈಯನ್ನು ಇಲಾಖೆ ಪೂರ್ತಿ ಒಪ್ಪುತ್ತದೆ, ಕರೆಂಟೊಂದು ಬಿಟ್ಟು. ಅದು ನನ್ನ ಕೈಯಲ್ಲಿಲ್ಲ. ಹೊಸ ಕೇಂದ್ರ ಕೈಬಿಟ್ಟಿದ್ದೇವೆ. ಸಂಜೆಯ ತರಗತಿ ಇದ್ದಲ್ಲೇ ಮುಂದುವರಿಯುತ್ತದೆ."

ಚಿತ್ರ ಇನ್ನೂ ಮೇಲೆಯೇ ಇತ್ತು. ಅದರ ಹಿಂದಿನಿಂದ ಅಧ್ಯಕ್ಷರ ಮುಖ ನಿಧಾನವಾಗಿ ಹೊರಬಂತು.

ಕೋರಿಕ್ಕೈ ಎಂದರೇನೆಂದು ಸುಬ್ಬಯ್ಯನಿಗೆ ಚೆನ್ನಾಗಿ ಗೊತ್ತು. ಸಂಘ ಅಷ್ಟು ವರ್ಷ ಕಳಿಸಿದ್ದೆಲ್ಲ ಅದೇ. ನಮಗೆ ಇದು ಬೇಕು ಎಂದು ಕೇಳುವುದು. ಮೇಡಮ್ ಕನ್ನಡದಲ್ಲಿ ಬೇಡಿಕೆ ಎಂದದ್ದನ್ನೇ ತಮಿಳಿನಲ್ಲಿ ಕೋರಿಕ್ಕೈ ಎಂದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಬೇಕಾದದ್ದನ್ನು ಕೇಳಿದವರಿಗೆ ತಾನು ಬೇಡವಾದದ್ದನ್ನು ಒಪ್ಪಿಸಿದ್ದು ಅವನಿಗೆ ತಿಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಕಾರಿನಲ್ಲಿ ಸೆಂದಿಲ್‌ಕುಮಾರ್ "ಅಲ್ಲಿ ಏನು ಹೇಳಿದಿರಿ?" ಎಂದು ಕೇಳಿದರು.

ಸುಬ್ಬಯ್ಯನ ಮುಂದೆ ಎರಡು ದಾರಿ ಇದ್ದವು. ಆ ಮಾತಿನ ಅರ್ಥ ನನಗೆ ತಿಳಿಯಲಿಲ್ಲ ಎಂದರೆ, ತಾಯಿನುಡಿ ಬಾರದವನು ಎಂದು ಗಣಪತಿಯೆಲ್ಲ ನಗುತ್ತದೆ. ತಿಳಿದೇ ಹೇಳಿದೆ ಎಂದರೆ ದ್ರೋಹಿಯಾಗುತ್ತಾನೆ.

"ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ," ಎಂದ.

ಮರುದಿನ ಅವನ ಹೆಸರು ಸಮಿತಿಯಿಂದ ಹೋಯಿತು. ಕುಮರೇಶನ್ ನಡೆದದ್ದನ್ನೆಲ್ಲ ಕೇಳಿಸಿಕೊಂಡು, ವಿಧಾನದಲ್ಲಿ ತಪ್ಪು ಕಾಣುತ್ತಿಲ್ಲ ಎಂದು ಅಭಿಪ್ರಾಯಪಟ್ಟ.

ಭೇಟಿಯ ದಿನ ಸಂಜೆ ಸುಬ್ಬಯ್ಯನ್ ಹಾಲ್‌ಗೆ ಹೋದಾಗ ಅನ್ನೂರು ಬಸ್ಸಿನ ಹೆಂಗಸರು ಆಗಲೇ ಹೊರಟಿದ್ದರು. ಜಾನಮ್ಮ ಮಿಕ್ಕ ತಂತಿಯನ್ನು ಸುತ್ತಿ ಎತ್ತಿಡುತ್ತಿದ್ದಳು. ಅವನು ಬೆಂಚಿನ ಮೇಲೆ ಕೂತು, ಕ್ಲಾಸು ಉಳಿಯಿತು ಎಂದ. ಆಮೇಲೆ ನೆಲ ನೋಡುತ್ತ, "ಆವತ್ತು ಕಮಿಟೀಲಿ ನಾನೂ ಕೈ ಎತ್ತಿದ್ದೆ," ಎಂದ.

"ಗೊತ್ತು," ಎಂದಳು ಜಾನಮ್ಮ. "ಅಲ್ಲಿ ಟೀ ಕೊಡೋ ಲಕ್ಷ್ಮಿಯಮ್ಮಾಳ್ ಆವತ್ತೇ ಏಳಿದ್ಳು. ನೀವಾಗಿ ಯಾವಾಗ ಏಳ್ತೀರೋಂತ ಕಾಯ್ತಾ ಇದ್ದೆ."

ಇಷ್ಟು ದಿನ ಅವಳು ಅವನಿಗೆ ಅನ್ನ ಬಡಿಸಿದ್ದಳು, ಒಂದು ಮಾತೂ ಆಡದೆ. ಇನ್ನು ಏನನ್ನೂ ಮುಚ್ಚಿಡುವುದು ಬೇಡ ಅನ್ನಿಸಿತು.

"ಏನುಂಗ," ಎಂದು ಗಂಡನನ್ನು ಕರೆದಳು, ಮೆಲ್ಲಗೆ. "ಇವತ್ತು ನನ್ಗೋಸ್ಕರ ಎಲ್ಲಾರ್ನೂ ಎದುರು ಆಕ್ಕೊಂಡ್ರಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನಿಗೆ ಹೌದು ಅನ್ನಬೇಕೆಂಬ ಆಸೆ ತುಂಬಾ ಇತ್ತು.

"ಇಲ್ಲ ಜಾನೂ. ತಪ್ಪು ಆಗೋಯ್ತು. ಆ ಮೇಡಮ್ಮು ನಿಮ್ಮ ಬೇಡಿಕೆ ಏನೂಂತ ಕೇಳಿದ್ರು. ನಾನು..."

"ಸರಿ, ಬೇಡಾದ್ದ ಏಳಿದ್ರಿ," ಎಂದಳು ಜಾನಮ್ಮ. "ಬೇಡಿಕೆ ಅಂದ್ರೆ ಬೇಡಾದ್ದು ತಾನೆ? ಇದ್ರಲ್ಲಿ ತಪ್ಪೇನು?"

ಸುಬ್ಬಯ್ಯನ್ ತಲೆಯೆತ್ತಿ ಅವಳನ್ನು ನೋಡಿದ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ಬೇಡಿಕೆಗೆ ಆ ಅರ್ಥ ಹಚ್ಚಿದವರಲ್ಲಿ ಬೆಳಿಗ್ಗೆಯಿಂದ ಅವನು ಒಬ್ಬನೇ ಇದ್ದ, ಈಗ ಇಬ್ಬರಾದರು.

"ತಪ್ಪೇನೂ ಇಲ್ಲ," ಎಂದು ಎದ್ದು, ತಂತಿಯ ಇನ್ನೊಂದು ತುದಿ ಹಿಡಿದುಕೊಂಡ.