ಮಾಳಿಂಗನ ಆಹೇರಿ ಕೂಗು

ಆ ಮುಂಜಾನೆ ಜೇವರ್ಗಿ ಸೀಮೆಯ ಮೇಲೆ ಮೋಡ ತಗ್ಗಿ ನಿಂತಿತ್ತು. ಹನಿ ಬೀಳಲಿಲ್ಲ, ಎಲೆ ಅಲುಗಲಿಲ್ಲ. ಮಹಾಲಯ ಅಮಾವಾಸ್ಯೆ, ಹಿರಿಯರು ಎಡೆಗೆ ಬರುವ ದಿನ. ಅವರ ದಾರಿಗೆ ಶಿವನೇ ನೆರಳು ಹಿಡಿದಂತಿತ್ತು.

ಅಂದೋಲಾದ ಬಯಲಾಟದ ಕಟ್ಟೆಯ ಹಿಂದಿನ ಕೋಣೆಗೆ ಮರೆಮ್ಮ ಬಂದಾಗ ಮಯೂರ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಆ ಕಟ್ಟೆಯ ಹಳೆಯ ಆಟಗಳ ಕ್ಯಾಸೆಟ್‌ಗಳನ್ನು ಮನೆಮನೆಯಿಂದ ಕೂಡಿಸಿ, ಊರವರ ಮೊಬೈಲಿಗೆ ಸಿಗುವಂತೆ ಮಾಡುವ ಕೆಲಸ ಅವನದು. ಮರೆಮ್ಮ ತನ್ನಲ್ಲಿದ್ದ ಒಂದೇ ಕ್ಯಾಸೆಟ್ಟನ್ನು, ಅಮಾವಾಸ್ಯೆಗೆ ತಿರುಗಿ ಬೇಕೆಂದು ಹೇಳಿ ಕೊಟ್ಟಿದ್ದಳು. ಎಡೆ ಹಿಡಿಯುವ ಮೊದಲು ಅದರಲ್ಲಿ ತೀರಿಹೋದ ಗಂಡನ ದನಿ ಕೇಳುವುದು ಅವಳ ನೇಮ.

“ನಮ್ಮನಿಯವ್ರ ದನಿ ಕೊಡು ತಮ್ಮಾ. ಮನ್ಯಾಗ ಹೋಳಿಗಿ ಆರಾಕತ್ಯಾವ.”

“ಕ್ಯಾಸೆಟ್ ಮಷಿನ್ನಿನಾಗ ಸಿಕ್ಕು ಹರದು ಚೂರಾತ್ರಿ ಆಯಿ. ಅಂಜಬ್ಯಾಡ್ರಿ, ಮೊದಲೇ ಕಾಪಿ ಮಾಡ್ಕೊಂಡೀನಿ.” ಮಯೂರ ಗುಂಡಿ ಒತ್ತಿದ. ಕೃಷ್ಣ ಪಾತ್ರಧಾರಿಯ ಪದ ಕೋಣೆ ತುಂಬಿತು. “ಎಷ್ಟ ಚಂದ ಹಾಡ್ಯಾರ ನೋಡ್ರಿ ನಿಮ್ಮವ್ರು!”

ಒಂದು ಪದ ಮುಗಿದು ಇನ್ನೊಂದು ಶುರುವಾಯಿತು. ಮರೆಮ್ಮನ ಮುಖ ಬಾಡಿತು.

“ಇವ ಖಜೂರಿಯಿಂದ ಕರಸಿದ ಹಾಡುಗಾರ. ನನ್ನ ಗಂಡ ಅಲ್ಲೋ! ಪದದ ನಡುವ ಆಹೇರಿ ಕೂಗೋರು ಎಲ್ಲಿ ಹೋದ್ರು?”

ನೋಡುವವರು ಪಾತ್ರಧಾರಿಗೆ ಸೀರೆಯೋ ರುಮಾಲೋ ಆಹೇರಿ ಕೊಟ್ಟರೆ, ಆಟ ನಿಲ್ಲಿಸಿ ಕೊಟ್ಟವರ ಹೆಸರು ಕೂಗುವುದು ಕಟ್ಟೆಯ ಪದ್ಧತಿ. ಹಾಡಿಗೆ ಅಡ್ಡ ಬರುತ್ತವೆಂದು ಆ ಕೂಗುಗಳನ್ನೆಲ್ಲ ಮಯೂರ ಕತ್ತರಿಸಿ ತೆಗೆದಿದ್ದ. ಕೂಗುತ್ತಿದ್ದವನೇ ಮಾಳಿಂಗ, ಮರೆಮ್ಮನ ಗಂಡ.

“ಕ್ಯಾಸೆಟ್ ಕೊಡುವಾಗ ಅವ್ರ ಹೆಸರರ ಹೇಳಬೇಕಿಲ್ಲೇನ್ರಿ ಆಯಿ?”

“ಗಂಡನ ಹೆಸರು ಬಾಯಾಗ ತರ್ತಾರೇನೋ, ಖೋಡಿ? ದನಿ ಕೇಳಲಾರದ ಹ್ಯಾಂಗ ಎಡಿ ಇಡಲಿ? ಬಾಗಲದಾಗ ನಿಂತು ಹೊಳ್ಳಿ ಹೋಗ್ತಾರ.”

ಅಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಗುರುತು ಕೆಂಪಾಗಿತ್ತು. ಕತ್ತರಿಸಿದ ತುಣುಕುಗಳನ್ನು ಅಳಿಸಿದ್ದು ನೆನಪಿತ್ತು. ಪೂರ್ತಿ ಅಳಿಸಿದೆನೋ ಇಲ್ಲವೋ ನೆನಪಿರಲಿಲ್ಲ. ಅವನು ಕಂಪ್ಯೂಟರಿನ ಕಸದ ಬುಟ್ಟಿ ತೆರೆದು ಹುಡುಕತೊಡಗಿದ. ಮರೆಮ್ಮ ಕಣ್ಣು ಮುಚ್ಚಿ “ಶಿವಾ, ಶಿವಾ” ಎನ್ನುತ್ತಿದ್ದಳು.

ಒಂದು ತುಣುಕು ಸಿಕ್ಕಿತು. ಒತ್ತಿದ.

“ಕಡಗಂಚಿ ಅಕ್ಕಗೋಳಿಂದ ನಮ್ಮ ರುಕ್ಮಿಣಿಗೆ ಹಸರ ಸೀರಿ ಆಹೇರಿ! ಕೊಟ್ಟ ಕೈ ತಣ್ಣಗಿರಲಿ!”

ಮರೆಮ್ಮ ತಟ್ಟನೆ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು, ಗಂಡ ಹೊಲದಿಂದ ಈಗಷ್ಟೇ ಮನೆಗೆ ಬಂದಂತೆ.

ಮಯೂರ ಸಿಕ್ಕ ಕೂಗುಗಳನ್ನೆಲ್ಲ ಅವಸರದಿಂದ ಪೆನ್‌ಡ್ರೈವಿಗೆ ಇಳಿಸಿದ. ಕೊನೆಯದು ಇಳಿಯಿತು, ಹಿಂದೆಯೇ ಪರದೆ ಕಪ್ಪಾಯಿತು.

“ಭಜನಿ ಹಚ್ಚೋ ಡಬ್ಬಿಗೆ ಇದನ್ನ ಹಾಕ್ರಿ ಆಯಿ. ಸಂಜಿಗೆ ಊರಿನ ಕಾಪಿಗೂ ಅವ್ರ ಕೂಗು ಹೊಳ್ಳಿ ಕೂಡಸ್ತೇನಿ.”

ಬಾಗಿ, ಪೆನ್‌ಡ್ರೈವನ್ನು ಎರಡೂ ಕೈಯಿಂದ ಅವಳ ಬೊಗಸೆಯಲ್ಲಿಟ್ಟ.